ಬ್ರೂನೋಗೆ ಸೊಕ್ಕು ಬಂದಿಲ್ಲ ಸುಮಾ

ಸುಮಾ, ನಾನು ದೊಡ್ಡಮ್ಮ. ನಿನ್ನ ಮೆಸೇಜು ರಾತ್ರಿಯೇ ನೋಡಿದೆ. ಟೈಪ್ ಮಾಡಲು ಕೂತರೆ ನನಗೆ ಬೆಳಗಾಗುತ್ತದೆ, ಅದಕ್ಕೇ ಮಾತಿನಲ್ಲೇ ಹೇಳುತ್ತೇನೆ. ಉದ್ದ ಆಗುತ್ತದೆ, ಬೇಜಾರಾದರೆ ನಿಲ್ಲಿಸಿ ನಿಲ್ಲಿಸಿ ಕೇಳಿ. ಒಲೆ ಮೇಲೆ ಕುಕ್ಕರ್ ಬೇರೆ ಇದೆ, ನಡುವೆ ಅದೂ ಕೂಗುತ್ತದೆ.

ನಮ್ಮ ಮನೆಯವರ ಗುಂಪಿನಲ್ಲಿ ಕೆಲವರು ನಿನ್ನ ಮೆಸೇಜು ಪೂರ್ತಿ ಓದದೇ ಉತ್ತರ ಹಾಕಿದ್ದಾರೆ ಅನ್ನಿಸಿತು. ಆಗಿದ್ದು ಇಷ್ಟು. ಭಾನುವಾರ ಸಂಜೆ ನಿಮ್ಮ ಲ್ಯಾಬ್ರಡಾರ್ ನಾಯಿ ಬ್ರೂನೋ ದಿವಾನದ ಮೇಲೆ ಮಲಗಿದ್ದ. ಏಳು ವರ್ಷದ ಆದಿ ಹಿಂದಿನಿಂದ ಹೋಗಿ ತಬ್ಬಿಕೊಂಡು ಮೇಲೆ ಒರಗಿದ. ಬ್ರೂನೋ ಗುರ್ ಎಂದು ಹಲ್ಲು ತೋರಿಸಿದ. ಎಂಟು ವರ್ಷದಲ್ಲಿ ಇದು ಮೊದಲ ಸಲ. ಅದಕ್ಕೆ ರಮೇಶಣ್ಣ, ಎರಡು ಬಾರಿಸಿದರೆ ಸರಿಹೋಗುತ್ತಾನೆ ಎಂದಿದ್ದಾನೆ. ವನಜಾ ತೋಟದ ಮನೆಗೆ ಕಳಿಸಿ ಎಂದಿದ್ದಾಳೆ. ಅಳಿಯಂದಿರಿಗೆ ಯಾರೋ ಪರಿಚಯದ ಟ್ರೇನರ್ ಸಿಕ್ಕಿ, 'ಇವನು ತಾನೇ ಮನೆ ಯಜಮಾನ ಅಂದುಕೊಂಡಿದ್ದಾನೆ, 20 ದಿನ ನಮ್ಮಲ್ಲಿ ಬಿಡಿ' ಎಂದರಂತೆ.

ಮೊದಲು ಒಂದು ಮಾತು ಮುಗಿಸಿಬಿಡುತ್ತೇನೆ. ಆದಿಗೆ ಹಲ್ಲು ತಾಗಿಲ್ಲ ಎಂದು ಬರೆದಿದ್ದೀಯ, ಸರಿ. ಆದರೂ ಕೈ, ಕತ್ತು ಬೆಳಕಿನಲ್ಲಿ ಒಮ್ಮೆ ನೋಡು. ಒಂದು ಗೀರು ಕಂಡರೂ ಸೋಪು ಹಾಕಿ ಹರಿಯುವ ನೀರಿನಲ್ಲಿ 15 ನಿಮಿಷ ತೊಳೆದು, ಅವತ್ತೇ ಆಸ್ಪತ್ರೆಗೆ ಹೋಗಬೇಕು. ಮನೆ ನಾಯಿ ತಾನೇ ಎಂದು ಬಿಡಬೇಡ. ಬ್ರೂನೋನ ರೇಬೀಸ್ ಲಸಿಕೆ ಈ ವರ್ಷ ಆಗಿದೆಯಾ? ಕಾರ್ಡ್ ತೆಗೆದು ತಾರೀಕು ನೋಡು. ನಾಯಿಯ ಸ್ವಭಾವ ದಿಢೀರನೆ ಬದಲಾದರೆ ಮೊದಲು ನೋಡಬೇಕಾದ್ದು ಅದನ್ನೇ.

ಈಗ ನಾನು ಹೇಳಬೇಕು ಅಂದುಕೊಂಡಿದ್ದಕ್ಕೆ ಬರುತ್ತೇನೆ. ಹೋದ ತಿಂಗಳು ಆದಿಯ ಹುಟ್ಟುಹಬ್ಬದ ಫೋಟೋ ಇದೇ ಗುಂಪಿಗೆ ಹಾಕಿದ್ದೆಯಲ್ಲ, ಟೋಪಿ ಹಾಕಿಕೊಂಡು ಬ್ರೂನೋನ ಕುತ್ತಿಗೆ ತಬ್ಬಿಕೊಂಡಿದ್ದು. ಎಲ್ಲರೂ ಹಾರ್ಟ್ ಒತ್ತಿದೆವು, ನಾನೂ ಒತ್ತಿದೆ. ನಿನ್ನೆ ರಾತ್ರಿ ಅದನ್ನು ಮತ್ತೆ ತೆಗೆದು ದೊಡ್ಡದು ಮಾಡಿ ನೋಡಿದೆ. ಆದಿಯ ಮುಖ ಬಿಟ್ಟು ಬರೀ ನಾಯಿಯ ಮುಖ ನೋಡಿ. ಕಿವಿ ಹಿಂದಕ್ಕೆ ಅಂಟಿಕೊಂಡಿದೆ. ಬಾಯಿ ಬಿಗಿಯಾಗಿ ಮುಚ್ಚಿದೆ. ಮುಖ ಆ ಕಡೆಗೆ ತಿರುಗಿಸಿ ಕಣ್ಣು ಮಾತ್ರ ಈ ಕಡೆಗೆ ಇಟ್ಟಿದ್ದಾನೆ, ಕಣ್ಣಿನ ಬಿಳಿ ಅರ್ಧಚಂದ್ರದ ಹಾಗೆ ಕಾಣುತ್ತಿದೆ. ಬಿಟ್ಟರೆ ಸಾಕು ಎಂದು ಕಾಯುತ್ತಿರುವ ಮುಖ ಅದು. ಅಂದರೆ ಅವನು ಭಾನುವಾರ ಮೊದಲ ಸಲ ಹೇಳಿದ್ದಲ್ಲ ಸುಮಾ. ತಿಂಗಳಿಂದ ಹೇಳುತ್ತಲೇ ಇದ್ದಾನೆ, ನಮಗೆ ಕೇಳಿಸಿದ್ದು ಭಾನುವಾರ.

ನಾಯಿ ಒಂದೇ ಸಲಕ್ಕೆ ಗುರ್ ಎನ್ನುವುದಿಲ್ಲ. ಮೊದಲು ಮೂಗು ನೆಕ್ಕಿಕೊಳ್ಳುತ್ತದೆ, ನಿದ್ದೆ ಬಾರದಿದ್ದರೂ ಆಕಳಿಸುತ್ತದೆ. ಆಮೇಲೆ ಮುಖ ತಿರುಗಿಸುತ್ತದೆ. ಎದ್ದು ದೂರ ಹೋಗುತ್ತದೆ. ಹೋಗಲು ಆಗದಿದ್ದರೆ ಮೈ ಕಲ್ಲಿನ ಹಾಗೆ ಮಾಡಿಕೊಂಡು ಕೂರುತ್ತದೆ. ಇಷ್ಟಕ್ಕೂ ಯಾರೂ ಕಿವಿಗೊಡದಿದ್ದಾಗ ಗುರ್. ಅದರ ಮೇಲೂ ಬಿಡದಿದ್ದರೆ ಬಾಯಿ ಹಾಕುತ್ತದೆ. ಕಚ್ಚಬಾರದು ಎಂದೇ ಅದು ಗುರ್ ಎನ್ನುವುದು. ಅದಕ್ಕೇ ರಮೇಶಣ್ಣ, ಕೋಪ ಮಾಡಿಕೊಳ್ಳಬೇಡ, ಆ ಎರಡು ಏಟು ಮಾತ್ರ ಬೇಡ. ಹೊಡೆದರೆ ನಾಯಿ ಗುರ್ ಎನ್ನುವುದನ್ನು ಬಿಡುತ್ತದೆ, ಒಳಗಿನ ಸಂಕಟ ಹಾಗೇ ಇರುತ್ತದೆ. ಮುಂದಿನ ಸಲ ಸದ್ದಿಲ್ಲದೆ ನೇರವಾಗಿ ಕಚ್ಚುತ್ತದೆ.

ಇದೆಲ್ಲ ನನಗೆ ಹುಟ್ಟುತ್ತಲೇ ಗೊತ್ತಿತ್ತು ಅಂದುಕೊಳ್ಳಬೇಡಿ. ಕೆಂಚನ ವಿಷಯದಲ್ಲಿ ಎಂಟು ತಿಂಗಳು ಕುರುಡಿಯ ಹಾಗೆ ಇದ್ದವಳು ನಾನು.

ಕೆಂಚ ನಿಮಗೆಲ್ಲ ನೆನಪಿದ್ದಾನೆ, ನಮ್ಮ ಕೆಂಪು ನಾಟಿ ನಾಯಿ. ಜಗಲಿಯ ಮೂಲೆಯೇ ಅವನ ಜಾಗ. ಒಂಬತ್ತನೇ ವರ್ಷದಲ್ಲಿ ಜಗಲಿ ಬಿಟ್ಟು ಅಂಗಳದ ಮಣ್ಣಿನಲ್ಲಿ ಮಲಗಲು ಶುರು ಮಾಡಿದ. ಸೆಕೆಗೆ ಇರಬೇಕು ಎಂದೆವು. ಹಾಲಿನವನು ಬಂದರೆ ಬೊಗಳುತ್ತಾ ಗೇಟಿನವರೆಗೆ ಓಡುತ್ತಿದ್ದವನು ಕೂತಲ್ಲೇ ಬೊಗಳತೊಡಗಿದ. ವಯಸ್ಸಾಯ್ತು, ಬುದ್ಧಿ ಬಂತು ಎಂದು ನಿಮ್ಮ ದೊಡ್ಡಪ್ಪ ನಕ್ಕರು. ಬಲ ಮುಂಗಾಲಿನ ಮಣಿಕಟ್ಟನ್ನು ರಾತ್ರಿಯೆಲ್ಲ ನೆಕ್ಕಿ ನೆಕ್ಕಿ ಕೂದಲು ಹೋಗಿ ಬೋಳಾಯಿತು. ಕಜ್ಜಿ ಎಂದು ಎಣ್ಣೆ ಹಚ್ಚಿದೆ. ನೋಡಿ, ಒಂದೊಂದಕ್ಕೂ ನಮ್ಮ ಹತ್ತಿರ ಒಂದೊಂದು ಕಾರಣ ಸಿದ್ಧವಾಗಿತ್ತು! ಹತ್ತಿರದ ಒಬ್ಬ ಡಾಕ್ಟರಿಗೆ ತೋರಿಸಿದರೆ ಅವರು ಮುಟ್ಟಿಯೂ ನೋಡದೆ 'ವಯಸ್ಸಾಯ್ತಲ್ಲಮ್ಮಾ' ಎಂದು ಟಾನಿಕ್ ಬರೆದರು.

ಆಮೇಲೆ ಅಡಿಕೆ ಕೊಯ್ಲಿನ ಹೊತ್ತಿನಲ್ಲಿ, ದಾರಿಗೆ ಅಡ್ಡ ಮಲಗಿದ್ದವನನ್ನು, ಮರ ಹತ್ತಿ ಅಡಿಕೆ ಗೊನೆ ಇಳಿಸುವ ಕೊನೆಗಾರ ಎತ್ತಿ ಪಕ್ಕಕ್ಕೆ ಇಡಲು ಹೋದ. ಕೆಂಚ ಅವನ ಕೈಗೆ ಬಾಯಿ ಹಾಕಿದ. ಚರ್ಮ ಕೀಳಲಿಲ್ಲ, ಆದರೂ ಮನೆಯಲ್ಲಿ ದೊಡ್ಡ ರಾದ್ಧಾಂತ ಆಯಿತು. ಆಗ ಶಿವಮೊಗ್ಗಕ್ಕೆ ಕರೆದುಕೊಂಡು ಹೋದೆವು. ಅಲ್ಲಿ ಚಿಕ್ಕ ವಯಸ್ಸಿನ ಡಾಕ್ಟರಮ್ಮ ಒಬ್ಬರು. ಏನು ಕಾಯಿಲೆ ಎಂದು ಕೇಳಲಿಲ್ಲ. 'ಮೊದಲು ಮಾಡುತ್ತಿದ್ದು ಈಗ ಮಾಡದೇ ಇರುವುದು ಏನೇನು?' ಎಂದು ಕೇಳಿದರು. ನಾನು ಜಗಲಿ, ಗೇಟು ಎಂದು ಹೇಳುತ್ತಾ ಹೋದೆ. ಹೇಳುತ್ತಾ ಹೇಳುತ್ತಾ ನನಗೇ ನಾಚಿಕೆಯಾಯಿತು. ಎಕ್ಸ್‌ರೇ ತೆಗೆದರೆ ಸೊಂಟದ ಎರಡೂ ಕೀಲು ಸವೆದಿದ್ದವು, ಬಲ ಮುಂಗಾಲಿನ ಮಣಿಕಟ್ಟೂ ಕೆಟ್ಟಿತ್ತು.

ನೋವು ಇದ್ದರೆ ಕುಂಯ್ ಅನ್ನುತ್ತಿರಲಿಲ್ಲವಾ ಎಂದು ನಾನು ಕೇಳಿದೆ. ನಾವೆಲ್ಲ ಕೇಳುವ ಪ್ರಶ್ನೆಯೇ ಅದು. ದಿಢೀರನೆ ಆದ ನೋವಿಗೆ ನಾಯಿ ಕೂಗುತ್ತದೆ, ದಿನಾ ಇರುವ ನೋವಿಗೆ ಕೂಗುವುದಿಲ್ಲ ಎಂದರು ಅವರು. ಅದು ಮಾಡುವ ಕೆಲಸ ಒಂದೊಂದಾಗಿ ಬಿಡುತ್ತಾ ಹೋಗುತ್ತದಂತೆ. ಮೊಣಕಾಲು ನೋವಿನ ನಮ್ಮ ಅಮ್ಮ ದೇವಸ್ಥಾನದ ಮೆಟ್ಟಿಲು ಕಂಡರೆ 'ಇಲ್ಲಿಂದಲೇ ಕೈ ಮುಗಿಯುತ್ತೇನೆ' ಎನ್ನುತ್ತಿದ್ದರಲ್ಲ, ಹಾಗೆ.

ಹಾಗಾಗಿ ಸುಮಾ, ಬ್ರೂನೋನ ಬಗ್ಗೆ ನಿನ್ನನ್ನೂ ಅದನ್ನೇ ಕೇಳುತ್ತೇನೆ. ಕಾರು ಹತ್ತಲು ಮೊದಲಿನ ಹಾಗೆ ಹಾರುತ್ತಾನಾ, ಮುಂಗಾಲು ಇಟ್ಟು ನಿನ್ನ ಮುಖ ನೋಡುತ್ತಾನಾ? ಮಲಗಿ ಎದ್ದಮೇಲೆ ಮೊದಲ ನಾಲ್ಕು ಹೆಜ್ಜೆ ಬಿಗಿಯಾಗಿ ಇಟ್ಟು ಆಮೇಲೆ ಸಲೀಸಾಗುತ್ತಾನಾ? ಕೂರುವಾಗ ನೇರವಾಗಿ ಕೂರದೆ ಒಂದು ಕಾಲು ಹೊರಗೆ ಚಾಚುತ್ತಾನಾ? ರಾತ್ರಿ ಫ್ಯಾನ್ ಕೆಳಗಿದ್ದರೂ ನಾಲಿಗೆ ಹಾಕಿ ತೇಕುತ್ತಾನಾ, ಜಾಗ ಬದಲಿಸಿ ಬದಲಿಸಿ ಮಲಗುತ್ತಾನಾ? ಹಿಂಗಾಲಿನ ತೊಡೆ ಮುಟ್ಟಿ ನೋಡು. ಆರೋಗ್ಯದ ನಾಯಿಯೇ ಮೈಭಾರದಲ್ಲಿ ನೂರಕ್ಕೆ 60 ಪಾಲು ಮುಂಗಾಲಿನ ಮೇಲೆ ಹಾಕಿರುತ್ತದೆ. ಸೊಂಟ ನೋಯುವಾಗ ಇನ್ನೂ ಮುಂದಕ್ಕೆ ಹಾಕುತ್ತದೆ. ಆಗ ಭುಜ ದಪ್ಪಗಾಗಿ ತೊಡೆ ಸಣ್ಣಗಾಗುತ್ತದೆ. ಹಿಂಗಾಲಿನ ಉಗುರಿನ ತುದಿ ನೆಲಕ್ಕೆ ಉಜ್ಜಿ ಸವೆದಿದೆಯಾ ನೋಡು. ಲ್ಯಾಬ್ರಡಾರಿಗೆ ಸೊಂಟದ ತೊಂದರೆ ಜಾಸ್ತಿ. ಮೇಲಾಗಿ ನಿಮ್ಮ ಮನೆಯದು ಕನ್ನಡಿಯಂಥ ಟೈಲ್ಸ್, ನಾನೇ ಅಲ್ಲಿ ಜಾರಿದ್ದೇನೆ.

ಕೀಲೇ ಆಗಿರಬೇಕೆಂದಿಲ್ಲ. ಒಂದೇ ಪಕ್ಕದಲ್ಲಿ ಅಗಿಯುತ್ತಿದ್ದರೆ, ಅನ್ನ ಬಾಯಿಂದ ಉದುರುತ್ತಿದ್ದರೆ, ಕಣ್ಣಿನ ಕೆಳಗೆ ಊತ ಇದ್ದರೆ ಹಲ್ಲಿನ ಬುಡ ಕೀವಾಗಿರಬಹುದು. ತಬ್ಬಿಕೊಂಡಾಗ ಆದಿಯ ಕೈ ಕಿವಿಗೆ ತಾಗಿತಾ? ಲ್ಯಾಬ್ರಡಾರಿನ ಜೋತುಬಿದ್ದ ಕಿವಿಯೊಳಗೆ ಮಳೆಗಾಲದಲ್ಲಿ ಸೋಂಕಾಗುವುದು ಮಾಮೂಲು. ಉಣುಗು ಕಚ್ಚಿ ಬರುವ ಜ್ವರದಲ್ಲೂ ಕೀಲು ನೋಯುತ್ತವೆ, ಅದಕ್ಕೆ ರಕ್ತ ಪರೀಕ್ಷೆ ಬೇಕು.

ಹಾಂ, ಇನ್ನೊಂದು. ಈ ವರ್ಷ ಗಣಪತಿ ಬಿಡುವಾಗ ಪಟಾಕಿಗೆ ಹೆದರಿ ಬಚ್ಚಲುಮನೆಯಲ್ಲಿ ಅಡಗಿದ, ಮೊದಲೆಲ್ಲ ಹೆದರುತ್ತಲೇ ಇರಲಿಲ್ಲ ಎಂದು ಬರೆದಿದ್ದೀಯ. ಅದನ್ನು ಓದಿದಾಗಲೇ ನನಗೆ ಅನುಮಾನ ಗಟ್ಟಿಯಾಯಿತು. ಇಂಗ್ಲೆಂಡಿನ ಲಿಂಕನ್ ವಿಶ್ವವಿದ್ಯಾಲಯದವರೂ ಬ್ರೆಜಿಲಿನವರೂ ಸೇರಿ ಸದ್ದಿಗೆ ಹೆದರುವ 20 ನಾಯಿಗಳನ್ನು ನೋಡಿ 2018ರಲ್ಲಿ ಬರೆದಿದ್ದಾರೆ. ಹತ್ತಕ್ಕೆ ಕೀಲು, ಸ್ನಾಯುವಿನ ನೋವಿತ್ತು, ಹತ್ತಕ್ಕೆ ಇರಲಿಲ್ಲ. ನೋವಿದ್ದ ನಾಯಿಗಳಲ್ಲಿ ಸದ್ದಿನ ಭಯ ನೋವಿಲ್ಲದವಕ್ಕಿಂತ ಸರಾಸರಿ ಸುಮಾರು ನಾಲ್ಕು ವರ್ಷ ತಡವಾಗಿ ಶುರುವಾಗಿತ್ತು. ಢಂ ಎಂದಾಗ ಮೈ ಬಿಗಿಯುತ್ತದೆ, ಬಿಗಿದಾಗ ನೋಯುತ್ತದೆ, ಆ ನೋವು ಸದ್ದಿನಿಂದಲೇ ಬಂತು ಎಂದು ನಾಯಿ ತಿಳಿಯುತ್ತದೆ ಎನ್ನುವುದು ಅವರ ಊಹೆ. 20 ನಾಯಿ ಕಡಿಮೆಯೇ, ಒಪ್ಪುತ್ತೇನೆ. ಅದೇ ವಿಶ್ವವಿದ್ಯಾಲಯದ ಡೇನಿಯಲ್ ಮಿಲ್ಸ್ ಮತ್ತು ಜೊತೆಯವರು 2020ರಲ್ಲಿ ಇನ್ನೊಂದು ಬರೆದರು. ನಡವಳಿಕೆ ಕೆಟ್ಟಿದೆ ಎಂದು ತಮ್ಮ ಹತ್ತಿರ ಬರುವ ಪ್ರಾಣಿಗಳಲ್ಲಿ, ಕಡಿಮೆ ಎಂದರೂ ಮೂರರಲ್ಲಿ ಒಂದಕ್ಕೆ ಯಾವುದೋ ನೋವು ಇರುತ್ತದೆ ಎಂದು.

ಅಳಿಯಂದಿರೇ, ನಿಮಗೂ ಒಂದು ಮಾತು. ಆ ಟ್ರೇನರ್ ಹೇಳಿದ ಯಜಮಾನನ ಕಥೆ ಹಳೆಯದು. 1947ರಲ್ಲಿ ಸ್ವಿಟ್ಜರ್‌ಲ್ಯಾಂಡಿನ ಬಾಸೆಲ್ ಮೃಗಾಲಯದಲ್ಲಿ ಕೂಡಿಹಾಕಿದ ತೋಳಗಳು ಯಜಮಾನಿಕೆಗೆ ಕಚ್ಚಾಡುವುದನ್ನು ನೋಡಿ ಬರೆದದ್ದರಿಂದ ಶುರುವಾಯಿತು. ಆಮೇಲೆ ಆ ಮಾತನ್ನು ಹರಡಿದವರಲ್ಲಿ ಅಮೆರಿಕದ ತೋಳ ತಜ್ಞ ಡೇವಿಡ್ ಮೆಕ್ ಕೂಡ ಒಬ್ಬರು. ಅವರೇ ಕೆನಡಾದ ಎಲ್ಸ್‌ಮಿಯರ್ ದ್ವೀಪದಲ್ಲಿ 13 ಬೇಸಿಗೆ ಕಾಡುತೋಳಗಳ ಜೊತೆ ಕಳೆದು 1999ರಲ್ಲಿ ಮಾತು ಬದಲಿಸಿದರು. ಕಾಡಿನ ತೋಳದ ಗುಂಪು ಎಂದರೆ ಅಪ್ಪ, ಅಮ್ಮ, ಮಕ್ಕಳು, ಅಷ್ಟೇ ಎಂದರು. ಸಂತೆಯ ಜಗಳ ನೋಡಿ ಸಂಸಾರ ಹೀಗೇ ಎಂದ ಹಾಗಾಗಿತ್ತು ಮೊದಲಿನದು. ಅದೂ ತೋಳದ ಕಥೆ, ಬ್ರೂನೋ ನಾಯಿ. ಟ್ರೇನಿಂಗ್ ಬೇಡ ಎನ್ನುತ್ತಿಲ್ಲ ನಾನು. ಸೊಂಟ ನೋಯುವವನನ್ನು ನಾವಿಲ್ಲದ ಜಾಗದಲ್ಲಿ 20 ದಿನ 'ಸಿಟ್, ಸಿಟ್' ಎಂದು ಕೂರಿಸಿದರೆ ಅವನಿಗೆ ಪ್ರತಿ ಸಲವೂ ನೋವು. ಮೊದಲು ಡಾಕ್ಟರು, ಆಮೇಲೆ ಟ್ರೇನರು. ಮುದ್ದು, ತಿಂಡಿ ಕೊಟ್ಟು ಕಲಿಸುವವರನ್ನೇ ನೋಡೋಣ.

ಡಾಕ್ಟರ ಹತ್ತಿರ ಹೋಗುವ ಮೊದಲು ವಿಡಿಯೋ ಮಾಡಿಕೋ. ಕ್ಲಿನಿಕ್ಕಿನ ವಾಸನೆಗೆ, ಗಾಬರಿಗೆ ಕುಂಟುವ ನಾಯಿಯೂ ನೆಟ್ಟಗೆ ನಡೆಯುತ್ತದೆ. ಕೆಂಚ ಶಿವಮೊಗ್ಗದಲ್ಲಿ ಕುದುರೆಯ ಹಾಗೆ ನಡೆದು ನಮ್ಮ ಮರ್ಯಾದೆ ತೆಗೆದಿದ್ದ! ಮುಂಗಾಲು ನೋಯುತ್ತಿದ್ದರೆ, ಆ ಕಾಲು ಊರಿದಾಗ ತಲೆ ಮೇಲಕ್ಕೆ ಹೋಗುತ್ತದೆ, ಒಳ್ಳೆಯ ಕಾಲು ಊರಿದಾಗ ಕೆಳಗೆ ಬರುತ್ತದೆ. ಮೊಬೈಲಿನಲ್ಲಿ ನಿಧಾನ ಮಾಡಿ ನೋಡಿದರೆ ಚೆನ್ನಾಗಿ ಗೊತ್ತಾಗುತ್ತದೆ. ಎಕ್ಸ್‌ರೇಯಲ್ಲಿ ಏನೂ ಕಾಣದಿದ್ದರೂ, ಕೆಲವು ವಾರ ನೋವಿನ ಔಷಧಿ ಕೊಟ್ಟು ನಡವಳಿಕೆ ಬದಲಾಗುತ್ತದಾ ನೋಡೋಣವೇ ಎಂದು ನೀನೇ ಕೇಳು. ಹಾಗೆ ಮಾಡುವುದುಂಟು.

ಆದರೆ ಔಷಧಿ ಅವರೇ ಬರೆಯಬೇಕು. ಮನೆಯಲ್ಲಿ ಇದೆಯಲ್ಲ ಎಂದು ಐಬುಪ್ರೊಫೆನ್, ಡೈಕ್ಲೋಫೆನಾಕ್ ಅರ್ಧ ಮಾತ್ರೆ ಮುರಿದು ಕೊಡಬೇಡಿ. ಹೊಟ್ಟೆಯಲ್ಲಿ ಹುಣ್ಣಾಗುತ್ತದೆ, ಕಿಡ್ನಿ ಹೋಗುತ್ತದೆ. ಪ್ಯಾರಾಸಿಟಮಾಲ್ ಕೂಡ ಬೇಡ. ದನಗಳಿಗೆ ಡೈಕ್ಲೋಫೆನಾಕ್ ಕೊಟ್ಟು, ಸತ್ತ ದನ ತಿಂದ ರಣಹದ್ದುಗಳು ರಾಶಿ ರಾಶಿಯಾಗಿ ಸತ್ತವು. ಅದಕ್ಕೇ 2006ರಲ್ಲಿ ಜಾನುವಾರುಗಳಿಗೆ ಕೊಡುವುದನ್ನೇ ನಿಲ್ಲಿಸಿದರು. ಅದು ಬೇರೆ ಕಥೆ, ಬಿಡಿ.

ಡಾಕ್ಟರಿಗೆ ತೋರಿಸುವವರೆಗೆ ದಿವಾನದಿಂದ ಬಾಗಿಲವರೆಗೆ ಹಳೆಯ ಚಾಪೆಯೋ ರಗ್ಗೋ ಹಾಸು, ಜಾರದ ಹಾಗೆ ಇರಲಿ. ತೂಕ ಇಳಿಸಬೇಕು, ಅತ್ತೆಯವರು ತಟ್ಟೆಯಿಂದ ಹಾಕುವ ಚಪಾತಿ ನಿಲ್ಲಲಿ, ನಾನು ಹೇಳಿದೆ ಎಂದೇ ಹೇಳು. ಆದಿಗೆ ಬೈಯಬೇಡ, ಅವನು ಪ್ರೀತಿಯಿಂದಲೇ ಹೋದದ್ದು. ಮಲಗಿದ ನಾಯಿಯ ಹತ್ತಿರ ಹೋಗುವುದಿಲ್ಲ, ಕರೆಯುತ್ತೇನೆ, ಬಂದರೆ ಮುಟ್ಟುತ್ತೇನೆ, ಇಷ್ಟು ಹೇಳಿಕೊಡು. ಮೂರು ಎಣಿಸುವವರೆಗೆ ಎದೆ ಸವರಿ ಕೈ ತೆಗೆಯಲಿ. ಇನ್ನೂ ಬೇಕು ಎಂದರೆ ಬ್ರೂನೋನೇ ಒರಗುತ್ತಾನೆ. ಏಳು ವರ್ಷದ ಮಗು ಈ ಆಟ ಬೇಗ ಕಲಿಯುತ್ತದೆ. ಆದರೂ ಸದ್ಯಕ್ಕೆ ಇಬ್ಬರನ್ನೇ ಬಿಟ್ಟು ಬೇರೆ ರೂಮಿಗೆ ಹೋಗಬೇಡ.

ಕೆಂಚನಿಗೆ ಔಷಧಿ ಶುರು ಮಾಡಿದ ಹನ್ನೊಂದನೇ ದಿನ ಬೆಳಿಗ್ಗೆ ರಂಗೋಲಿ ಹಾಕಲು ಬಾಗಿಲು ತೆಗೆದೆ. ಜಗಲಿಯ ಮೂಲೆಯಲ್ಲಿ ಮಲಗಿದ್ದ. ಯಾರೂ ಎತ್ತಿ ಇಟ್ಟಿದ್ದಲ್ಲ. ನಾನು ರಂಗೋಲಿ ಡಬ್ಬಿ ಹಿಡಿದು ಅಲ್ಲೇ ನಿಂತುಬಿಟ್ಟೆ. ಎರಡು ವರ್ಷ ಇದ್ದ ಆಮೇಲೆ, ಕೊನೆಗಾರನ ಕೈಯಿಂದಲೇ ಬಿಸ್ಕತ್ತು ತಿಂದುಕೊಂಡು.

ಕುಕ್ಕರ್ ಮೂರು ಸಲ ಕೂಗಿತು, ನಾನು ಹೋಗಬೇಕು. ಸುಮಾ, ನಾಳೆ ಬೆಳಿಗ್ಗೆ ವಾಕಿಂಗ್ ಕರೆದುಕೊಂಡು ಹೋಗುವಾಗ ಪಕ್ಕದಿಂದ ಒಂದು, ಹಿಂದಿನಿಂದ ಒಂದು ವಿಡಿಯೋ ಮಾಡಿ ಇಲ್ಲೇ ಹಾಕು. ಹಗ್ಗ ಸಡಿಲ ಬಿಟ್ಟಿರು. ಮತ್ತೆ ಆ ಲಸಿಕೆ ಕಾರ್ಡಿನ ಫೋಟೋ ಮಾತ್ರ ಈಗಲೇ ಹಾಕು.