ನೈರೋಬಿಯ ಬಾಲ್ಕನಿಯಲ್ಲಿ ಕರ್ಪೂರ ತುಳಸಿ: ಬುಡ ಕಪ್ಪಾಗುತ್ತಿದೆ, ಎಲೆಯ ಘಾಟು ಇಳಿದಿದೆ

ಬಾಲ್ಕನಿ ತೋಟ (ನೈರೋಬಿ)

ಎಲ್ಲರಿಗೂ ನಮಸ್ಕಾರ. ಈ ಜನವರಿಯಲ್ಲಿ ಪಶ್ಚಿಮ ಕೀನ್ಯಾದ ಕಾಕಮೆಗಾ ಕಾಡಿನಂಚಿನ ರೈತರೊಬ್ಬರಿಂದ ಕರ್ಪೂರ ತುಳಸಿಯ ಎರಡು ಗಿಡಗಳನ್ನು ತಂದು ಕುಂಡದಲ್ಲಿ ಬೆಳೆಸುತ್ತಿದ್ದೇನೆ. ಸಸ್ಯಶಾಸ್ತ್ರದಲ್ಲಿ ಇದು ಓಸಿಮಮ್ ಕಿಲಿಮಂಡ್ಶಾರಿಕಮ್. ಅಲ್ಲಿನವರು ಮ್ವೊನ್ಯಿ ಎನ್ನುತ್ತಾರೆ. ತಂದ ಹೊಸದರಲ್ಲಿ ಎಲೆಯನ್ನು ಬೆರಳಲ್ಲಿ ಉಜ್ಜಿದರೆ ಮಂಗಳಾರತಿ ತಟ್ಟೆಯನ್ನು ಮುಖದ ಹತ್ತಿರ ಹಿಡಿದಂತಹ ಘಾಟು ಬರುತ್ತಿತ್ತು. ಮಾರ್ಚ್‌ವರೆಗೆ ಎರಡೂ ಸೊಂಪಾಗಿದ್ದವು. ಆಮೇಲೆ ರೆಂಬೆಗಳು ಉದ್ದುದ್ದ ಎಳೆದುಕೊಂಡು ಬಾಗತೊಡಗಿದವು, ಕೆಳಗಿನ ಎಲೆಗಳು ಹಳದಿಯಾಗಿ ಉದುರುತ್ತಿವೆ, ಈಗ ಜುಲೈನಲ್ಲಿ ಒಂದು ಗಿಡದ ಬುಡ ಮಣ್ಣಿನ ಮಟ್ಟದಲ್ಲಿ ಕಪ್ಪಾಗಿದೆ. ಎಲೆಯಲ್ಲಿ ಮೊದಲಿನ ಘಾಟಿಲ್ಲ. ಊರಿನ ತುಳಸಿಗೆ ಎರೆಯುವಂತೆಯೇ ದಿನಾ ಬೆಳಿಗ್ಗೆ ನೀರು ಹಾಕುತ್ತೇನೆ. ರೈತರು ಕೊಟ್ಟ ಬೀಜವನ್ನು ಅರ್ಧ ಇಂಚು ಮಣ್ಣು ಮುಚ್ಚಿ ಬಿತ್ತಿದ್ದು ಮೊಳೆಯಲೇ ಇಲ್ಲ.

ಇನ್ನೊಂದು ವಿಷಯ. ನಮ್ಮ ಮೂರು ವರ್ಷದ ಮಗನಿಗೆ ಈ ಚಳಿಗೆ ಕೆಮ್ಮು ಹಿಡಿದಿದೆ. ದಾವಣಗೆರೆಯಲ್ಲಿರುವ ಅತ್ತೆಯವರು ಇದರ ನಾಲ್ಕೆಲೆ ಹಾಕಿ ಕಷಾಯ ಮಾಡಿಕೊಡಲು ಹೇಳುತ್ತಿದ್ದಾರೆ. ಕೊಡಬಹುದೇ? ಎಣ್ಣೆ ಕಾಯಿಸಿ ಎದೆಗೆ ಹಚ್ಚುವುದಾದರೆ ಹೇಗೆ?

ಔಷಧ ಕಪಾಟು (ಕಿಸುಮು)

ಗಿಡದ ವಿಚಾರವನ್ನು ತಿಳಿದವರು ಹೇಳಲಿ, ಮೊದಲು ಮಗುವಿನ ವಿಚಾರ. ಕಷಾಯ ದಯವಿಟ್ಟು ಬೇಡ. ಅತ್ತೆಯವರ ಸಲಹೆ ನಮ್ಮ ಅಂಗಳದ ತುಳಸಿಯ ಮಟ್ಟಿಗೆ ಅನುಭವದಿಂದ ಬಂದದ್ದೇ ಆಗಿರುತ್ತದೆ, ಆದರೆ ಈ ಗಿಡ ಅದೇ ಕುಲಕ್ಕೆ ಸೇರಿದ್ದರೂ ಇದರೊಳಗಿನ ಸಾರ ಬೇರೆ. ಮನೆಯ ತುಳಸಿಯ ಘಾಟಿಗೆ ಸಾಮಾನ್ಯವಾಗಿ ಲವಂಗದಲ್ಲಿರುವ ಯುಜೆನಾಲ್ ಕಾರಣ; ಇದರ ಎಣ್ಣೆಯಲ್ಲಿ ಬಹುಪಾಲು ಕರ್ಪೂರವೇ ಇರುತ್ತದೆ. ಕರ್ಪೂರ ಹೊಟ್ಟೆಗೆ ಹೋದರೆ ಚಿಕ್ಕ ಮಕ್ಕಳಲ್ಲಿ ಕೆಲವೇ ನಿಮಿಷಗಳಲ್ಲಿ ಫಿಟ್ಸ್ ಬರಬಹುದು, ಮತ್ತು ಒಂದು ಗ್ರಾಂನಷ್ಟು ಶುದ್ಧ ಕರ್ಪೂರ ಪುಟ್ಟ ಮಗುವಿನ ಪ್ರಾಣಕ್ಕೇ ಎರವಾದ ಉದಾಹರಣೆಗಳು ವೈದ್ಯಕೀಯ ದಾಖಲೆಗಳಲ್ಲಿವೆ. ನಾಲ್ಕೆಲೆಯಲ್ಲಿ ಅಷ್ಟಿರುವುದಿಲ್ಲ ಎಂಬುದು ನಿಜ. ಆದರೆ ಎಲೆಯಿಂದ ಎಲೆಗೆ, ಗಿಡದಿಂದ ಗಿಡಕ್ಕೆ ಪ್ರಮಾಣ ಬದಲಾಗುವಾಗ ಅಳೆಯಲಾಗದ ಮದ್ದನ್ನು ಮಗುವಿನ ಲೋಟಕ್ಕೆ ಹಾಕಲು ನಾನು ಯಾರಿಗೂ ಹೇಳಲಾರೆ.

ಎದೆಗೆ ಹಚ್ಚುವುದಕ್ಕೂ ಇದೇ ತೊಡಕು. ಅಮೆರಿಕದಲ್ಲಿ ಅಂಗಡಿಯಲ್ಲಿ ಸಿಗುವ ಮುಲಾಮುಗಳಲ್ಲಿ ಕರ್ಪೂರ ಶೇ. 11 ಮೀರಬಾರದೆಂಬ ನಿಯಮವಿದೆ. ಮನೆಯಲ್ಲಿ ಕಾಯಿಸಿದ ಎಣ್ಣೆಯಲ್ಲಿ ಎಷ್ಟಿದೆಯೆಂದು ತಿಳಿಯುವ ದಾರಿಯೇ ಇಲ್ಲ. ಎರಡು ವರ್ಷದೊಳಗಿನ ಕೂಸುಗಳಿಗೆ ಕರ್ಪೂರದ ಯಾವುದನ್ನೂ ಹಚ್ಚಬಾರದು. ಅದಕ್ಕಿಂತ ದೊಡ್ಡ ಮಕ್ಕಳಿಗೂ ಮೂಗಿನ ಹೊಳ್ಳೆಗೆ, ಬಾಯಿಯ ಹತ್ತಿರಕ್ಕೆ, ತರಚಿದ ಚರ್ಮಕ್ಕೆ ಸೋಕಿಸಬಾರದು. ಬಸುರಿಯರು ಮತ್ತು ಮೂರ್ಛೆರೋಗ ಇರುವವರು ದೂರವೇ ಇರಲಿ. ನಿಮ್ಮ ಮಗನಿಗೆ ಮಲಗುವ ಮುನ್ನ ಅರ್ಧ ಚಮಚ ಜೇನುತುಪ್ಪ ಕೊಡಿ, ಒಂದು ವರ್ಷ ದಾಟಿದ ಮಕ್ಕಳಿಗೆ ಅದು ಸಲ್ಲುತ್ತದೆ. ಉಸಿರು ವೇಗವಾದರೆ, ಪಕ್ಕೆ ಒಳಗೆ ಸೆಳೆದರೆ, ಜ್ವರ ಬಿಡದಿದ್ದರೆ ವೈದ್ಯರಲ್ಲಿಗೆ ಕರೆದೊಯ್ಯಿರಿ. ಮಗು ಎಂದಾದರೂ ಕರ್ಪೂರ ನುಂಗಿದರೆ ವಾಂತಿ ಮಾಡಿಸಲು ಹೋಗದೆ ನೇರವಾಗಿ ಆಸ್ಪತ್ರೆಗೆ ಹೊರಡಬೇಕು. ದಾರಿಯಲ್ಲೇ ಫಿಟ್ಸ್ ಬಂದರೆ ವಾಂತಿ ಉಸಿರುನಾಳಕ್ಕೆ ಹೋಗುತ್ತದೆ.

ಕೆಮ್ಮಣ್ಣು (ಎಲ್ಡೊರೆಟ್)

ಗಿಡದ ಬಗ್ಗೆ ಉತ್ತರಿಸುವ ಮೊದಲು ಕೆಲವು ವಿವರ ಬೇಕು. ಬಾಲ್ಕನಿ ಯಾವ ದಿಕ್ಕಿಗೆ ತೆರೆದಿದೆ? ಕುಂಡಕ್ಕೆ ಯಾವ ಮಣ್ಣು ಹಾಕಿದ್ದೀರಿ, ಅಡಿಯಲ್ಲಿ ತಟ್ಟೆ ಇಟ್ಟಿದ್ದೀರಾ? ಕಪ್ಪಾದ ಗಿಡದ ಕಾಂಡವನ್ನು ಬುಡದಿಂದ ಒಂದು ಗೇಣು ಮೇಲೆ ಓರೆಯಾಗಿ ಕತ್ತರಿಸಿ, ಕೊಯ್ದ ಮುಖ ಬೆಳ್ಳಗಿದೆಯೋ ಕಂದಾಗಿದೆಯೋ ನೋಡಿ ತಿಳಿಸಿ.

ಬಾಲ್ಕನಿ ತೋಟ (ನೈರೋಬಿ)

ಕಷಾಯದ ಮಾತನ್ನು ಅತ್ತೆಯವರಿಗೆ ವಿವರಿಸಿದ್ದೇನೆ, ಒಪ್ಪಿಕೊಂಡಿದ್ದಾರೆ. ಬಾಲ್ಕನಿ ದಕ್ಷಿಣಕ್ಕಿದೆ. ಊರಿನಲ್ಲಿ ದಕ್ಷಿಣದ ಬಿಸಿಲೇ ಹೆಚ್ಚೆಂದು ಇಲ್ಲಿಯೂ ಅಂಥದ್ದನ್ನೇ ಹುಡುಕಿ ಮನೆ ಮಾಡಿದ್ದೆವು. ಮಣ್ಣು ಎಂಬಕಾಸಿ ಕಡೆಯದು, ನಮ್ಮ ಎರೆಮಣ್ಣಿನಂತೆ ಕಪ್ಪಗೆ ಜಿಗುಟಾಗಿದೆ. ಕೆಳಮನೆಯವರಿಗೆ ನೀರು ತೊಟ್ಟಿಕ್ಕದಿರಲೆಂದು ತಟ್ಟೆ ಇಟ್ಟಿದ್ದೇನೆ. ಕತ್ತರಿಸಿದಾಗ ಕಪ್ಪಾದ ಗಿಡದ ಕಾಂಡದೊಳಗೆ ಒಂದು ಬದಿಗೆ ಕಂದು ಗೆರೆ ಕಾಣುತ್ತದೆ, ತುದಿಯ ರೆಂಬೆಗಳು ಮಾತ್ರ ಒಳಗೆ ಬೆಳ್ಳಗಿವೆ. ಇನ್ನೊಂದು ಗಿಡ ಪೂರ್ತಿ ಬೆಳ್ಳಗಿದೆ.

ಕೆಮ್ಮಣ್ಣು (ಎಲ್ಡೊರೆಟ್)

ಹಾಗಾದರೆ ರೋಗದ ಬೇರು ದಿಕ್ಕಿನಲ್ಲಿದೆ. ಮೈಸೂರು, ದಾವಣಗೆರೆಗಳಲ್ಲಿ ವರ್ಷದ ಎಂಟು ತಿಂಗಳು ನಡುಹಗಲ ಸೂರ್ಯ ದಕ್ಷಿಣಕ್ಕೆ ವಾಲಿರುತ್ತಾನೆ, ಆದ್ದರಿಂದ ಅಲ್ಲಿ ದಕ್ಷಿಣದ ಬಾಲ್ಕನಿಗೆ ಬೆಲೆ. ನೈರೋಬಿ ಭೂಮಧ್ಯರೇಖೆಯಿಂದ ಒಂದು ಡಿಗ್ರಿಗೂ ತುಸು ಹೆಚ್ಚು ದಕ್ಷಿಣದಲ್ಲಿದೆ. ಮಾರ್ಚ್ ಮೂರನೆಯ ವಾರದಿಂದ ಸೆಪ್ಟೆಂಬರ್ ಕೊನೆಯ ವಾರದವರೆಗೆ ಇಲ್ಲಿ ಸೂರ್ಯ ಉತ್ತರದ ಬದಿಯಲ್ಲೇ ಸಾಗುತ್ತಾನೆ, ಜೂನ್ ಕೊನೆಯಲ್ಲಿ ಮಧ್ಯಾಹ್ನ ನೆತ್ತಿಯಿಂದ ಸುಮಾರು 25 ಡಿಗ್ರಿಯಷ್ಟು ಉತ್ತರಕ್ಕೆ ಸರಿದಿರುತ್ತಾನೆ. ನಿಮ್ಮ ಗಿಡ ಮಾರ್ಚ್‌ವರೆಗೆ ಸೊಂಪಾಗಿದ್ದು ಆಮೇಲೆ ಸೊರಗಿದ್ದಕ್ಕೆ ಇದೇ ಲೆಕ್ಕ: ಆಗಿನಿಂದ ಅದಕ್ಕೆ ನೇರ ಬಿಸಿಲೇ ಬಿದ್ದಿಲ್ಲ. ಅದರ ಮೇಲೆ ಮಾರ್ಚ್‌ನಿಂದ ಮೇವರೆಗಿನ ದೊಡ್ಡ ಮಳೆ, ಅದು ಮುಗಿದೊಡನೆ ಜೂನ್‌ನಿಂದ ಆಗಸ್ಟ್‌ವರೆಗೆ ಮೋಡ ಕವಿದ ಚಳಿ, ರಾತ್ರಿ 12 ಡಿಗ್ರಿಯ ಆಸುಪಾಸು. ಬಿಸಿಲಿಲ್ಲದ ಗಿಡ ನೀರು ಕುಡಿಯುವುದಿಲ್ಲ. ಎರೆಮಣ್ಣು ಹಿಡಿದ ನೀರನ್ನು ಬಿಡುವುದಿಲ್ಲ. ತಟ್ಟೆಯಲ್ಲಿ ನಿಂತದ್ದು ಮತ್ತೆ ಮೇಲೇರುತ್ತದೆ. ಬೇರು ಉಸಿರುಕಟ್ಟಿ ಕೊಳೆತು, ಆ ಕೊಳೆ ಈಗ ಬುಡಕ್ಕೆ ಹತ್ತಿದೆ.

ಕಾಕಮೆಗಾದಲ್ಲಿ ವರ್ಷಕ್ಕೆ ಸುಮಾರು 2,000 ಮಿಲಿಮೀಟರ್ ಮಳೆ ಸುರಿಯುತ್ತದಲ್ಲ, ಅಲ್ಲಿ ಏಕೆ ಕೊಳೆಯುವುದಿಲ್ಲ ಎಂದು ನೀವು ಕೇಳಬಹುದು. ಅಲ್ಲಿ ಇಳಿಜಾರಿನ ಆಳವಾದ ಕೆಂಪು ಮಣ್ಣಿನಲ್ಲಿ ಸಂಜೆಯ ಮಳೆ ಬೆಳಗಾಗುವುದರೊಳಗೆ ಬಸಿದುಹೋಗುತ್ತದೆ, ಮಾರನೆಯ ಬೆಳಿಗ್ಗೆ ಗಿಡದ ಮೈಮೇಲೆ ಬಿಸಿಲಿರುತ್ತದೆ. ಕುಂಡದಲ್ಲಿ ಆ ಎರಡನ್ನೂ ನಾವೇ ಒದಗಿಸಬೇಕು.

ಕಪ್ಪಾದ ಗಿಡದ ಬುಡವನ್ನು ಉಳಿಸಲು ಹೊರಡಬೇಡಿ. ಒಳಗೆ ಬೆಳ್ಳಗಿರುವ, ಹೂವಿಲ್ಲದ ರೆಂಬೆಗಳಿಂದ ನಾಲ್ಕೈದು ಇಂಚಿನ ತುಂಡುಗಳನ್ನು ಗೆಣ್ಣಿನ ಕೆಳಗೆ ಕತ್ತರಿಸಿ, ತುದಿಯ ಎರಡು ಜೋಡಿ ಎಲೆಗಳನ್ನುಳಿಸಿ ಮಿಕ್ಕವನ್ನು ಸವರಿ, ತೊಳೆದ ಒರಟು ಮರಳಿನಲ್ಲಿ ನೆಡಿ. ನೇರ ಬಿಸಿಲಿಲ್ಲದೆ ಮಂದ ಬೆಳಕು ಬೀಳುವ, ರಾತ್ರಿ ಬೆಚ್ಚಗಿರುವ ಕಡೆ ಇಟ್ಟರೆ ಎರಡು ಮೂರು ವಾರಗಳಲ್ಲಿ ಬೇರು ಬಿಡುತ್ತವೆ, ಈ ಚಳಿಯಲ್ಲಿ ಇನ್ನೂ ಸ್ವಲ್ಪ ತಡವಾಗಬಹುದು. ಹಳೆಯ ಮಣ್ಣನ್ನು ಮರುಬಳಕೆ ಮಾಡದಿರುವುದು ಲೇಸು. ಕುಂಡವನ್ನು ಬಿಸಿನೀರಿನಲ್ಲಿ ತೊಳೆದು ಒಣಗಿಸಿ, ಲಿಮುರು ಕಡೆಯ ಕೆಂಪು ಮಣ್ಣು ಎರಡು ಪಾಲು, ಒರಟು ಮರಳು ಅಥವಾ ಜಲ್ಲಿಪುಡಿ ಒಂದು ಪಾಲು, ಚೆನ್ನಾಗಿ ಕಳಿತ ಕೊಟ್ಟಿಗೆ ಗೊಬ್ಬರ ಅರ್ಧ ಪಾಲು ಬೆರೆಸಿ ತುಂಬಿಸಿ. ತಟ್ಟೆ ಬೇಕೇಬೇಕೆಂದಾದರೆ ಅದರಲ್ಲಿ ಎರಡು ಇಟ್ಟಿಗೆ ಚೂರುಗಳನ್ನಿಟ್ಟು ಕುಂಡವನ್ನು ಅವುಗಳ ಮೇಲೆ ಕೂರಿಸಿ. ಬೆರಳಿನ ಎರಡು ಗೆಣ್ಣಿನಷ್ಟು ಆಳಕ್ಕೆ ಮಣ್ಣು ಒಣಗಿದ ಮೇಲಷ್ಟೇ ನೀರು ಹಾಕಬೇಕು. ದಿನಾ ಬೆಳಗಿನ ನೀರು ನಮ್ಮ ತುಳಸಿಕಟ್ಟೆಗಿರಲಿ. ಚೆನ್ನಾಗಿರುವ ಗಿಡವನ್ನು ಇಂದೇ ಉತ್ತರದ ಕಿಟಕಿಗೋ ತಾರಸಿಗೋ ಸ್ಥಳಾಂತರಿಸಿ, ಅಕ್ಟೋಬರ್‌ನಲ್ಲಿ ಮತ್ತೆ ಬಾಲ್ಕನಿಗೆ ತನ್ನಿ.

ಬೀಜ ಮೊಳೆಯದಿದ್ದಕ್ಕೆ ಕಾರಣ ಬಿತ್ತಿದ ಆಳ. ಕಾಮಕಸ್ತೂರಿಯ ಬೀಜದಂತೆ ಇದೂ ನೆನೆದೊಡನೆ ಲೋಳೆ ಕಟ್ಟುತ್ತದೆ, ಅರ್ಧ ಇಂಚು ಜಿಗುಟು ಮಣ್ಣಿನಡಿ ಕೊಳೆಯುತ್ತದೆ. ಮೇಲ್ಮೈಯಲ್ಲೇ ಉದುರಿಸಿ, ಅಂಗೈಯಿಂದ ಮೆಲ್ಲಗೆ ಒತ್ತಿ, ನೀರನ್ನು ಸಿಂಪಡಿಸಿದರೆ ಸಾಕು. ಆದರೆ ಆಗಸ್ಟ್ ಕಳೆಯುವವರೆಗೆ ಕಾಯಿರಿ.

ಭಟ್ಟಿಮನೆ (ಮೈಸೂರು)

ಮೇಲಿನವರು ಹೇಳಿದ್ದಕ್ಕೆ ಘಾಟಿನ ವಿಷಯದಲ್ಲಿ ಸ್ವಲ್ಪ ಸೇರಿಸುತ್ತೇನೆ. ಕರ್ಪೂರವಿರುವ ಎಣ್ಣೆ ಎಲೆಯ ಮೇಲ್ಮೈಯ ಸಣ್ಣ ಗ್ರಂಥಿಗಳಲ್ಲಿ ತುಂಬಿಕೊಳ್ಳುತ್ತದೆ. ನೆರಳಿನಲ್ಲಿ, ಅತಿಯಾದ ಸಾರಜನಕದಲ್ಲಿ ಎಲೆ ಅಗಲವಾಗಿ ಹಸಿರಾಗುತ್ತದೆಯೇ ಹೊರತು ಎಣ್ಣೆ ತುಂಬುವುದಿಲ್ಲ. ಈ ಗಿಡಕ್ಕೆ ಬೂದುಹಸಿರಿನ, ತುಸು ಚಿಕ್ಕ, ಮುಟ್ಟಿದರೆ ಮಖಮಲ್ಲಿನಂತೆ ನವಿರು ರೋಮವಿರುವ ಎಲೆಯೇ ಲಕ್ಷಣ. ನೋಡಲು ಬಡಕಲಾಗಿದ್ದರೂ ಘಾಟು ಅದರಲ್ಲೇ ಇರುತ್ತದೆ, ಹಾಗಾಗಿ ಯೂರಿಯಾ ಕೊಡಲೇಬೇಡಿ. ಕೊಯ್ಲಿಗೆ ಹದವಾದ ಹೊತ್ತು ತೆನೆಯ ಹೂ ಅರಳಿ, ಬೀಜ ಇನ್ನೂ ಕಪ್ಪಾಗದ ಸಮಯ. ಬುಡದಿಂದ ಒಂದು ಗೇಣು ಬಿಟ್ಟು, ಕೆಳಗೆ ಒಂದಷ್ಟು ಹಸಿರೆಲೆ ಉಳಿಯುವಂತೆ ಸವರಿದರೆ ಮತ್ತೆ ಪೊದೆಯಾಗಿ ಚಿಗುರುತ್ತದೆ. ಬರಿಯ ಕಟ್ಟಿಗೆ ಉಳಿಯುವಂತೆ ಬೋಳಿಸಿದರೆ ಚಿಗುರದೆ ಹೋಗುವುದೂ ಉಂಟು.

ಗಿಡ ಅದೇ ಹೌದೇ ಎಂಬ ಅನುಮಾನ ನಿಮ್ಮ ವಿಷಯದಲ್ಲಿ ಬೇಡ, ಆದರೆ ಬೇರೆಯವರಿಗೆ ಉಪಯೋಗವಾದೀತೆಂದು ಬರೆಯುತ್ತೇನೆ. ಪೂರ್ವ ಆಫ್ರಿಕಾದ ಬೇಲಿಗಳಲ್ಲಿ ಇದರ ಜೊತೆಗೆ ದೊಡ್ಡೆಲೆಯ ಓಸಿಮಮ್ ಗ್ರಾಟಿಸ್ಸಿಮಮ್ ಕೂಡ ಬೆಳೆಯುತ್ತದೆ, ಅದು ಸಾಮಾನ್ಯವಾಗಿ ಲವಂಗದ ವಾಸನೆಯದು. ನರ್ಸರಿಗಳಲ್ಲಿ ಆಫ್ರಿಕನ್ ಬ್ಲೂ ಎಂದು ಮಾರುವ ನೇರಳೆ ಛಾಯೆಯ ಗಿಡ ಇದಕ್ಕೂ ಡಾರ್ಕ್ ಓಪಲ್ ಎಂಬ ಕಾಮಕಸ್ತೂರಿ ತಳಿಗೂ 1983ರಲ್ಲಿ ಅಮೆರಿಕದ ಓಹಾಯೊದ ನರ್ಸರಿಯೊಂದರಲ್ಲಿ ತಾನಾಗಿ ಹುಟ್ಟಿದ ಮಿಶ್ರಸಂತಾನ. ಅದು ಬೀಜ ಕಟ್ಟುವುದಿಲ್ಲ, ತುಂಡಿನಿಂದ ಮಾತ್ರ ಬೆಳೆಸಬೇಕು.

ಎಣ್ಣೆಯ ವಿಷಯ. ಕಾಕಮೆಗಾದ ಮುಲಿರು ರೈತ ಸಂರಕ್ಷಣಾ ಗುಂಪಿನವರು ನೈರೋಬಿಯ ಇಸಿಪೆ ಎಂಬ ಕೀಟ ಸಂಶೋಧನಾ ಸಂಸ್ಥೆಯ ನೆರವಿನಿಂದ ಈ ಗಿಡವನ್ನು ಕಾಡಿನಿಂದ ಕೀಳದೆ ಹೊಲದಲ್ಲಿ ಬೆಳೆದು, ಹಬೆಯಲ್ಲಿ ಎಣ್ಣೆ ಇಳಿಸಿ, ನ್ಯಾಚುರಬ್ ಎಂಬ ಮುಲಾಮು ಮಾಡುತ್ತಾರೆ. 2010ರಲ್ಲಿ ಅವರಿಗೆ ವಿಶ್ವಸಂಸ್ಥೆಯ ಈಕ್ವೇಟರ್ ಪ್ರಶಸ್ತಿ ಬಂತು. ಹಬೆಯಲ್ಲಿ ಇಳಿಸಿದ ಎಣ್ಣೆಯನ್ನು ಅಳತೆಗೆ ತಕ್ಕಂತೆ ಬೆರೆಸಬಹುದು. ಒಲೆಯ ಮೇಲೆ ಕೊಬ್ಬರಿ ಎಣ್ಣೆಯಲ್ಲಿ ಎಲೆ ಹುರಿದರೆ ಕರ್ಪೂರದ ಹೆಚ್ಚಿನ ಪಾಲು ಅಡುಗೆಮನೆಯ ಗಾಳಿಗೆ ಹೋಗುತ್ತದೆ, ಜೊತೆಗೆ ಆ ಆವಿ ಬೇಗ ಹೊತ್ತಿಕೊಳ್ಳುವಂಥದ್ದು. ದೊಡ್ಡವರ ಮೊಣಕಾಲು ನೋವಿಗೆ ಹಚ್ಚಿಕೊಳ್ಳುವುದಾದರೆ ನೆರಳಿನಲ್ಲಿ ಗರಿಗರಿಯಾಗಿ ಒಣಗಿಸಿದ ಎಲೆಯನ್ನು ಮುಚ್ಚಳವಿರುವ ಬಾಟಲಿಯಲ್ಲಿ ಎಣ್ಣೆಯೊಂದಿಗೆ ಹಾಕಿ, ಒಲೆಯಿಂದ ಇಳಿಸಿದ ಬಿಸಿನೀರಿನ ಪಾತ್ರೆಯೊಳಗೆ ಇಟ್ಟರೆ ಸಾಕು. ಹಸಿ ಎಲೆ ಹಾಕಿದರೆ ಅದರ ನೀರಿನಂಶದಿಂದ ಎಣ್ಣೆ ಬೂಷ್ಟು ಹಿಡಿಯುತ್ತದೆ.

ಬಾಲ್ಕನಿ ತೋಟ (ನೈರೋಬಿ)

ಎಲ್ಲರಿಗೂ ಕೃತಜ್ಞತೆಗಳು. ಮಗನ ಕೆಮ್ಮು ಜೇನಿನಲ್ಲೇ ಇಳಿಯಿತು. ತುಂಡುಗಳಲ್ಲಿ ಅರ್ಧಕ್ಕಿಂತ ಹೆಚ್ಚು ಬೇರು ಬಿಟ್ಟಿವೆ, ತಾರಸಿಗೆ ಹೋದ ಗಿಡದ ಹೊಸ ಚಿಗುರು ಬೂದುಬಣ್ಣಕ್ಕೆ ತಿರುಗಿದೆ. ಇನ್ನೆರಡು ಪ್ರಶ್ನೆಗಳು ಉಳಿದಿವೆ. ಸವರಿದ ರೆಂಬೆಗಳನ್ನು ಸೊಳ್ಳೆಗೆ ಹೊಗೆ ಹಾಕಬಹುದೇ? ದಸರೆಗೆ ಊರಿಗೆ ಬರುವಾಗ ಒಂದು ಗಿಡ ತರಬಹುದೇ?

ಕೆಮ್ಮಣ್ಣು (ಎಲ್ಡೊರೆಟ್)

ಪಶ್ಚಿಮ ಕೀನ್ಯಾದ ಮನೆಗಳಲ್ಲಿ ಅದು ಹಳೆಯ ರೂಢಿ. ಬೆಂಕಿಗೆ ಹಾಕಿ ಸುಟ್ಟರೆ ಎಣ್ಣೆಯೇ ಉರಿದುಹೋಗುತ್ತದೆ, ಆದ್ದರಿಂದ ಕೆಂಡದ ಮೇಲೆ ತಗಡಿನ ತಟ್ಟೆಯಿಟ್ಟು ಅದರ ಮೇಲೆ ಎಲೆ ಬಿಸಿ ಮಾಡುವುದು ಮೇಲು. ಆದರೂ ಫ್ಲಾಟಿನ ಮುಚ್ಚಿದ ಕೋಣೆಯಲ್ಲಿ ಕೆಂಡ ಬೇಡ, ಕೆಮ್ಮಿನ ಮಗುವಿರುವ ಮನೆಯಲ್ಲಂತೂ ಹೊಗೆಯೇ ಬೇಡ. ಕಿಸುಮುವಿನಂತಹ ಮಲೇರಿಯಾ ಇರುವ ಕಡೆ ಹೋದಾಗ ಔಷಧ ಹಚ್ಚಿದ ಸೊಳ್ಳೆಪರದೆಯ ಬದಲಿಗೆ ಇದನ್ನು ನಂಬಬಾರದು. ಒಣಗಿದ ರೆಂಬೆಯನ್ನು ಕಾಳಿನ ಡಬ್ಬಿಗೆ ಹಾಕಿಡಿ, ಹುಳಕ್ಕೆ ತಡೆಯಾಗುತ್ತದೆ. ಅಡುಗೆಗೆ ಮುನ್ನ ಎಲೆಯ ಚೂರು ಆರಿಸಿ ಕಾಳನ್ನು ತೊಳೆಯಬೇಕು.

ಭಟ್ಟಿಮನೆ (ಮೈಸೂರು)

ಗಿಡ ತರುವ ಪ್ರಯಾಸ ಬೇಡ. ಕೀನ್ಯಾದಿಂದ ಹೊರಡಲು ಅಲ್ಲಿನ ಕೆಫಿಸ್ ಸಂಸ್ಥೆಯ ಸಸ್ಯ ಆರೋಗ್ಯ ಪ್ರಮಾಣಪತ್ರ ಬೇಕು, ಭಾರತದೊಳಗೆ ತರಲು 2003ರ ಸಸ್ಯ ಕ್ವಾರಂಟೈನ್ ಆದೇಶದಂತೆ ಆಮದು ಪರವಾನಗಿ ಬೇಕು, ಮತ್ತು ಮಣ್ಣು ಹತ್ತಿದ ಬೇರನ್ನು ವಿಮಾನ ನಿಲ್ದಾಣದಲ್ಲಿ ಬಿಡುವುದಿಲ್ಲ. ಅಲ್ಲದೆ ಈ ಗಿಡ ಭಾರತಕ್ಕೆ ಬಂದು ದಶಕಗಳೇ ಆಗಿವೆ. ಮರದ ಕರ್ಪೂರ ಜಪಾನಿನ ಹಿಡಿತದ ತೈವಾನಿನಿಂದ ಬರುತ್ತಿದ್ದ ಕಾಲದಲ್ಲಿ ಬದಲಿ ಮೂಲವೆಂದು ಇದನ್ನು ಹಲವು ದೇಶಗಳಲ್ಲಿ ಬೆಳೆದು ನೋಡಿದರು. ಟರ್ಪೆಂಟೈನಿನಿಂದ ಮಾಡಿದ ಅಗ್ಗದ ಕರ್ಪೂರ ಬಂದ ಮೇಲೆ ಆ ಉತ್ಸಾಹ ಇಳಿಯಿತು. ಗಿಡ ಮಾತ್ರ ಉಳಿದುಕೊಂಡಿತು, ಮೈಸೂರು ಬೆಂಗಳೂರುಗಳ ನರ್ಸರಿಗಳಲ್ಲಿ ಕರ್ಪೂರ ತುಳಸಿಯೆಂದೇ ಕೇಳಿ ಪಡೆಯಬಹುದು. ಕೊಳ್ಳುವಾಗ ಹೆಸರಿನ ಚೀಟಿಗಿಂತ ಎಲೆಯನ್ನು ನಂಬಿ: ಒಂದನ್ನು ಚಿವುಟಿ ಉಜ್ಜಿ ಮೂಸಿ, ಕರ್ಪೂರದ ಬದಲು ಲವಂಗದ ವಾಸನೆ ಬಂದರೆ ಗಿಡವನ್ನು ಅಲ್ಲೇ ಬಿಟ್ಟುಬನ್ನಿ.