ವಿಷಯ: ‘ಇನ್ಫಾರ್ಮ್ಡ್ ಕನ್ಸೆಂಟ್’ – ನಾಳೆ ಬೆಳಗ್ಗೆಯೊಳಗೆ ಪದ ಬೇಕು

ಎಲ್ಲರಿಗೂ ನಮಸ್ಕಾರ.

ಔಷಧಿಗೆ ಬಗ್ಗದ ಮೂರ್ಛೆರೋಗದಲ್ಲಿ ಸೆಳವು ಎಲ್ಲಿಂದ ಹುಟ್ಟುತ್ತದೆ ಎಂದು ಹುಡುಕಲು ಮಿದುಳಿನೊಳಗೆ ಎಲೆಕ್ಟ್ರೋಡುಗಳನ್ನಿಟ್ಟು ಕೆಲವು ದಿನ ಕಾಯುತ್ತಾರಲ್ಲ, ಆ ದಿನಗಳ ದಾಖಲೆಯನ್ನು ಸಂಶೋಧನೆಗೂ ಬಳಸಿಕೊಳ್ಳಬಹುದೇ ಎಂದು ರೋಗಿಯನ್ನು ಕೇಳುವ ಫಾರಂ ಒಂದನ್ನು ಅನುವಾದಿಸುತ್ತಿದ್ದೇನೆ. ಎಂಟು ಪುಟ ಮುಗಿದಿದೆ, ತಲೆಬರಹವೇ ಬಾಕಿ. ಕೈಯಲ್ಲಿರುವುದು ‘ಮಾಹಿತಿಯುಕ್ತ ಸಮ್ಮತಿ’, ‘ತಿಳಿವಳಿಕೆಯುಕ್ತ ಒಪ್ಪಿಗೆ’. ಎರಡನ್ನೂ ಜೋರಾಗಿ ಓದಿದರೆ ನನಗೇ ನಗು ಬರುತ್ತದೆ.

ಇನ್ನೊಂದು: ಹತ್ತು ವರ್ಷದ ಮಗುವಿಗೆ ಬೇರೆ ಫಾರಂ ಇದೆ, ಅದರಲ್ಲಿ ‘ಕನ್ಸೆಂಟ್’ ಅಲ್ಲ, ‘ಅಸೆಂಟ್’, ಅಂದರೆ ಹೆತ್ತವರು ಒಪ್ಪುವುದರ ಜೊತೆಗೆ ಮಗು ತಾನೂ ಒಪ್ಪುವುದು. ನಿಘಂಟು ತೆಗೆದರೆ ಮಸೂದೆಗೆ ಬೀಳುವ ‘ಅಂಕಿತ’ ಸಿಕ್ಕಿತು. ಮಗು ಅಂಕಿತ ಹಾಕುತ್ತದೆಯೇ?

ನಾಳೆ ಬೆಳಗ್ಗೆ ಅಚ್ಚಿಗೆ ಹೋಗುತ್ತದೆ.

* * *

> ಮಾಹಿತಿಯುಕ್ತ ಸಮ್ಮತಿ

ಅರಿಸಮಾಸ. ಬೇಡ.

> ತಿಳಿವಳಿಕೆಯುಕ್ತ ಒಪ್ಪಿಗೆ

ಅದರಪ್ಪನಂಥ ಅರಿಸಮಾಸ.

‘ಅರಿತೊಪ್ಪಿಗೆ’ ಎನ್ನಿ, ಮುಗಿಯಿತು. ‘ಒಪ್ಪು’ ಎಂದರೆ ಹಳಗನ್ನಡದಲ್ಲಿ ಸೊಗಸುವುದು, ತಕ್ಕುದಾಗಿರುವುದು. ವಿಜಯನಗರದ ಶಾಸನಗಳ ಕೊನೆಯಲ್ಲಿ ‘ಶ್ರೀ ವಿರೂಪಾಕ್ಷ’ ಎಂದಿರುತ್ತದಲ್ಲ, ಅದು ಅರಸನ ‘ಒಪ್ಪ’, ಅಂದರೆ ರುಜು. ಮನಸ್ಸು ಒಪ್ಪುವುದು, ಕೈ ಗುರುತು ಹಾಕುವುದು, ಎರಡಕ್ಕೂ ಕನ್ನಡದ ಒಂದೇ ಬೇರು ಸಾಕಾಗಿರುವಾಗ ಸಂಸ್ಕೃತದ ಹಂಗು ಯಾಕೆ? ನಿಮ್ಮ ನಮೂನೆಯ ಕೊನೆಗೆ ‘ಸಹಿ’ ಎಂದು ಹಾಕಬೇಡಿ, ಅದು ಅರಬಿ. ‘ಒಪ್ಪ’ ಎಂದೇ ಅಚ್ಚು ಮಾಡಿಸಿ.

* * *

ಮೇಷ್ಟ್ರೇ, ‘ಸಹಿ’ಯನ್ನು ಹೊರಗೆ ಹಾಕಿದ ಪತ್ರದಲ್ಲೇ ‘ರುಜು’, ‘ನಮೂನೆ’ ಎರಡನ್ನೂ ಒಳಗೆ ಕೂರಿಸಿದ್ದೀರಿ. ಮೊದಲನೆಯದು ಅರಬಿ, ಎರಡನೆಯದು ಪಾರಸಿ. ‘ಮಾಹಿತಿ’ಯೂ ಅರಬಿಯಿಂದ ಮರಾಠಿಯ ದಾರಿಯಲ್ಲಿ ಬಂದದ್ದು. ಸಂಸ್ಕೃತಕ್ಕೆ ಕನ್ನಡ ಬೆಸೆದರೆ ಅರಿ ಎಂದ ಕೇಶಿರಾಜನ ಲೆಕ್ಕದಲ್ಲಿ ‘ಮಾಹಿತಿಯುಕ್ತ’ ಅರಿಯೂ ಅಲ್ಲ, ಮಿತ್ರನೂ ಅಲ್ಲ.

ಅಂದಹಾಗೆ, ಕೇಳಿದವರಿಗೆ ಬೇಕಾದ ಪದ ನಮ್ಮಲ್ಲಿ ಆಗಲೇ ಇತ್ತು, ಕಳೆದುಕೊಂಡೆವು. ‘ರಾಜಿ’ ಎಂದರೆ ಮೂಲದಲ್ಲಿ ಒಪ್ಪಿದವನು, ‘ನಾಮೆ’ ಬರಹ. ‘ರಾಜೀನಾಮೆ’ ಅಕ್ಷರಶಃ ಒಪ್ಪಿಗೆಪತ್ರ! ನಮ್ಮ ಕೈಗೆ ಬಂದ ಮೇಲೆ ‘ರಾಜಿ’ ಜಗಳ ಮುಗಿಸುವ ಮಾತಾಯಿತು, ‘ರಾಜೀನಾಮೆ’ ಕೆಲಸ ಬಿಡುವ ಕಾಗದವಾಯಿತು. ಆಪರೇಷನ್‌ಗೆ ಮುಂಚೆ ರೋಗಿಯ ಮುಂದೆ ರಾಜೀನಾಮೆ ಹಿಡಿದರೆ ಏನೆಂದುಕೊಂಡಾನು.

‘ಒಪ್ಪ’ದ ಬಗ್ಗೆ ನನ್ನ ತಕರಾರು ಬೇರೆಯೇ. ಅರಸನ ಒಪ್ಪ ಅವನ ಅಧಿಕಾರದ ಗುರುತು. ಹಾಸಿಗೆಯಲ್ಲಿ ಮಲಗಿ, ಕನ್ನಡಕವಿಲ್ಲದೆ, ತೋರಿಸಿದ ಕಡೆ ಗೀಚುವವನಿಗೆ ಯಾವ ಅಧಿಕಾರ? ರುಜು ಬಿತ್ತು ಅಂದರೆ ಒಪ್ಪಿಗೆ ಸಿಕ್ಕಿತು ಎಂದುಕೊಳ್ಳುವ ಚಾಳಿಗೆ ನೀವು ವ್ಯುತ್ಪತ್ತಿಯ ಬೆಂಬಲ ಕೊಡುತ್ತಿದ್ದೀರಿ.

* * *

ಇಂಥ ಫಾರಂಗಳನ್ನು ಓದಿ ತಿದ್ದುವ ಸಮಿತಿಯಲ್ಲಿ ಕೂತು ಬಂದವಳು ನಾನು. ಬಾಯಿ ಹಾಕುತ್ತೇನೆ, ಬೇಜಾರು ಮಾಡಿಕೊಳ್ಳಬೇಡಿ.

ಒಪ್ಪಿಗೆಯೋ ಸಮ್ಮತಿಯೋ, ಏನಾದರೂ ಇಟ್ಟುಕೊಳ್ಳಿ. ತೊಡಕು ಇರುವುದು ಅದರ ಹಿಂದಿನ ಪದದಲ್ಲಿ. ‘ತಿಳಿದು’ ಅನ್ನುತ್ತೀರೋ, ‘ತಿಳಿಸಿ’ ಅನ್ನುತ್ತೀರೋ? ಮನುಷ್ಯರ ಮೇಲಿನ ಪ್ರಯೋಗಕ್ಕೆ ನಿಯಮ ಹಾಕಿದ 1947ರ ನ್ಯೂರೆಂಬರ್ಗ್ ಸಂಹಿತೆಯಲ್ಲಿ ‘ಇನ್ಫಾರ್ಮ್ಡ್ ಕನ್ಸೆಂಟ್’ ಎಂಬ ಮಾತೇ ಇಲ್ಲ. ಅಲ್ಲಿರುವುದು ಸ್ವಇಚ್ಛೆಯ ಒಪ್ಪಿಗೆ. ಒಪ್ಪುವವನಿಗೆ ಸಾಕಷ್ಟು ತಿಳಿದಿರಬೇಕು, ಅರ್ಥವಾಗಿರಬೇಕು ಎಂಬ ಷರತ್ತು. ಕೋರ್ಟಿನಲ್ಲಿ ಈ ಜೋಡಿಪದ ಚಲಾವಣೆಗೆ ಬಂದದ್ದು 1957ರಲ್ಲಿ, ಕ್ಯಾಲಿಫೋರ್ನಿಯಾದ ಸಾಲ್ಗೊ ಮೊಕದ್ದಮೆಯಲ್ಲಿ. ಮಹಾಪಧಮನಿಯ ಪರೀಕ್ಷೆ ಮಾಡಿಸಿಕೊಂಡವರಿಗೆ ಕಾಲುಗಳ ಸ್ವಾಧೀನ ಹೋಯಿತು. ಒಪ್ಪಲು ಬೇಕಾದಷ್ಟು ಸಂಗತಿಯನ್ನು ವೈದ್ಯರು ಬಿಚ್ಚಿ ಹೇಳಲೇಬೇಕು ಎಂದಿತು ಕೋರ್ಟು. ಹೊರೆ ವೈದ್ಯರ ಮೇಲೆ.

‘ಅರಿತೊಪ್ಪಿಗೆ’, ‘ತಿಳಿದು ಕೊಟ್ಟ ಒಪ್ಪಿಗೆ’ ಎಂದಿರೋ, ಹೊರೆ ರೋಗಿಯ ತಲೆಗೆ ಬಂತು. ‘ತಿಳಿದೇ ರುಜು ಹಾಕಿದ್ದೀಯಲ್ಲಪ್ಪ, ಈಗ ಯಾಕೆ ಕೇಳುತ್ತೀಯ?’ ಈ ಮಾತನ್ನು ಕಿವಿಯಾರೆ ಕೇಳಿದ್ದೇನೆ. ನನ್ನ ಓಟು ‘ತಿಳಿಸಿ ಪಡೆಯುವ ಒಪ್ಪಿಗೆ’ಗೆ. ಒಂದು ‘ಇಸು’ ಪ್ರತ್ಯಯದಲ್ಲಿ ಯಾರ ಕೆಲಸ ಯಾವುದು ಎಂದು ಗೊತ್ತಾಗಿಬಿಡುತ್ತದೆ.

ಮಗುವಿನ ವಿಷಯ: ಅಪ್ಪ ಅಮ್ಮ ಕೊಡುವುದಕ್ಕೆ ‘ಅನುಮತಿ’ ಎನ್ನಿ, ಮಗುವಿನದಕ್ಕೆ ‘ಒಪ್ಪಿಗೆ’. ‘ಹೂಂ’ ಅನ್ನಿಸಿಕೊಂಡರೆ ಸಾಕು ಎಂದು ಯಾರಾದರೂ ಹೇಳಿದರೆ ಕೇಳಬೇಡಿ. ಕಥೆ ಹೇಳುವಾಗಲೂ ಮಕ್ಕಳು ಹೂಂಗುಟ್ಟುತ್ತವೆ. ಕೇಳಿಸಿಕೊಳ್ಳುತ್ತಿದ್ದೇನೆ ಅಂತ ಅದರ ಅರ್ಥ, ಒಪ್ಪಿದೆ ಅಂತಲ್ಲ.

ಇನ್ನೊಂದು, ನೀವು ಕೇಳದಿದ್ದರೂ. ‘ವಿತ್‌ಡ್ರಾ’ಗೆ ‘ಹಿಂತೆಗೆದುಕೊಳ್ಳಬಹುದು’ ಎಂದು ಬರೆದಿದ್ದರೆ ಈಗಲೇ ಹೊಡೆದುಹಾಕಿ. ಇಂಥದೇ ಒಂದು ಫಾರಂ ಓದಿಸಿದಾಗ ಒಬ್ಬಾಕೆ ‘ಯಾವಾಗ ಬೇಕಾದರೂ ಹಿಂತೆಗೀಬಹುದು ಅಂದ್ರೆ ತಲೆಯೊಳಗಿನ ತಂತಿ ನಾವೇ ತೆಗೀಬಹುದಾ?’ ಎಂದು ಕೇಳಿದರು. ಕೋಣೆಯಲ್ಲಿ ಯಾರೂ ನಗಲಿಲ್ಲ. ‘ಸಂಶೋಧನೆಗೆ ಬೇಡ ಅನ್ನಬಹುದು; ಚಿಕಿತ್ಸೆ ಹಾಗೇ ನಡೆಯುತ್ತದೆ’ ಎಂದು ಬಿಡಿಸಿ ಬರೆಯಿರಿ.

* * *

‘ತಿಳಿಸಿ ಪಡೆಯುವ ಒಪ್ಪಿಗೆ’ ಪದವೇ ಅಲ್ಲ, ವಾಕ್ಯದ ತುಂಡು. ನಿಘಂಟಿನಲ್ಲಿ ಎಲ್ಲಿಡುತ್ತೀರಿ? ಪದ ಕಟ್ಟಲು ಬಾರದವರು ವಿವರಣೆ ಬರೆಯುತ್ತಾರೆ. ತಮಿಳರು ಹೀಗೆ ಕೈಚೆಲ್ಲಿ ಕೂರುವುದಿಲ್ಲ.

‘ರುಜು’ ಬಗ್ಗೆ ಹೇಳಿದವರಿಗೆ: ಹೌದು, ತಪ್ಪಾಯಿತು. ‘ಒಪ್ಪ’ಕ್ಕೆ ಅರ್ಥ ಕೊಡಬೇಕಾಗಿ ಬಂದದ್ದೇ ನಮ್ಮ ದುರ್ಗತಿ.

* * *

ತಮಿಳರ ಮಾತು ಬಂತಲ್ಲ, ಇನ್ನು ಈ ಎಳೆ ನೆಟ್ಟಗಾಗುವುದಿಲ್ಲ. ಅಷ್ಟರೊಳಗೆ ನನ್ನದೂ ಒಂದು: ಚಿಲಿ ದೇಶ 2021ರಲ್ಲಿ ಮಿದುಳಿನ ಚಟುವಟಿಕೆಗೂ ಅದರಿಂದ ಸಿಗುವ ಮಾಹಿತಿಗೂ ಸಂವಿಧಾನದಲ್ಲೇ ರಕ್ಷಣೆ ಕೊಟ್ಟಿತು. ‘ಮೆಂಟಲ್ ಪ್ರೈವೆಸಿ’ಗೆ ಏನನ್ನೋಣ? ‘ಮನದ ಗುಟ್ಟು’ ಎಂದರೆ ಏನೋ ಮುಚ್ಚಿಟ್ಟ ಹಾಗೆ. ಮುಚ್ಚಿಡುವಂಥದ್ದು ಏನೂ ಇಲ್ಲದವನ ಮನಸ್ಸೂ ಅವನದೇ. ‘ಖಾಸಗಿತನ’ ಸರಿ, ಆದರೆ ಅದೂ ಅರಬಿ, ಮೇಷ್ಟ್ರು ಬಿಡುವುದಿಲ್ಲ.

* * *

ಎಲ್ಲರಿಗೂ ಧನ್ಯವಾದ. ಮೇಷ್ಟ್ರೇ, ‘ಅರಿತೊಪ್ಪಿಗೆ’ಯನ್ನು ಮೂವರಿಗೆ ಓದಿಸಿದೆ. ಒಬ್ಬರು ‘ಅರಿತು ಒಪ್ಪಿಗೆ’ ಎಂದು ಬಿಡಿಸಿದರು. ಇನ್ನೊಬ್ಬರು ಊರಿನ ಹೆಸರೇ ಎಂದು ಕೇಳಿದರು. ಮೂರನೆಯವರು ಚೆನ್ನಾಗಿದೆ ಅಂದರು, ಅವರು ಕನ್ನಡ ಎಂ.ಎ.

ತಲೆಬರಹ ‘ತಿಳಿಸಿ ಪಡೆಯುವ ಒಪ್ಪಿಗೆ’. ಕೊನೆಯ ಸಾಲು ‘ನನಗೆ ತಿಳಿಸಿದ್ದಾರೆ, ನನಗೆ ಅರ್ಥವಾಗಿದೆ, ನಾನು ಒಪ್ಪಿದ್ದೇನೆ’. ಮೂರು ಕ್ರಿಯಾಪದ, ಮೂರಕ್ಕೂ ಬೇರೆ ಬೇರೆ ಚೌಕ. ‘ಹಿಂತೆಗೆ’ ನನ್ನಲ್ಲಿ ನಾಲ್ಕು ಕಡೆ ಇತ್ತು, ನಾಲ್ಕೂ ಹೋಯಿತು. ‘ಸಬ್ಜೆಕ್ಟ್’ಗೆ ‘ಪ್ರಯೋಗಕ್ಕೊಳಗಾಗುವವರು’ ಎಂದು ಬರೆದಿದ್ದೆ. 2024ರ ಪರಿಷ್ಕರಣೆಯಲ್ಲಿ, ವೈದ್ಯಕೀಯ ಸಂಶೋಧನೆಯ ನೀತಿ ಹೇಳುವ ಹೆಲ್ಸಿಂಕಿ ಘೋಷಣೆಯೇ ಆ ಪದ ಬಿಟ್ಟು ‘ಪಾರ್ಟಿಸಿಪೆಂಟ್’ ಹಿಡಿದಿದೆಯೆಂದು ನೆನಪಾಗಿ ‘ಪಾಲ್ಗೊಳ್ಳುವವರು’ ಮಾಡಿದೆ.

ರುಜು ಹಾಕುವ ಜಾಗದಲ್ಲಿ ‘ಸಹಿ’ ಎಂದೇ ಇದೆ. ಮಗುವಿನ ಫಾರಂನಲ್ಲಿ ಮಾತ್ರ ಸಹಿಯ ಗೆರೆ ತೆಗೆದು ‘ನಿನ್ನ ಹೆಸರು ಬರಿ’ ಎಂದಿಟ್ಟಿದ್ದೇನೆ, ಪಕ್ಕದಲ್ಲಿ ಅಷ್ಟೇ ದೊಡ್ಡ ಇನ್ನೊಂದು ಚೌಕ: ‘ನನಗೆ ಬೇಡ’.