ನಡುರಾತ್ರಿ ಬಡಿದುಕೊಳ್ಳುವ ಕಾರು: ಕಂಪನಿ ಫಿಟೆಡ್ ಅಲಾರಂ ಬಗ್ಗೆ ಪ್ರಶ್ನೋತ್ತರ

ಪ್ರಶ್ನೆ: ಸರ್, ನನ್ನ ಕಾರಿಗೆ ಒಂಬತ್ತು ವರ್ಷ. ಅಲಾರಂ ಕಂಪನಿಯಿಂದಲೇ ಬಂದದ್ದು, ಹೊರಗೆ ಹಾಕಿಸಿದ್ದಲ್ಲ. ಎರಡು ವಾರದಿಂದ ರಾತ್ರಿ ಎರಡು, ಮೂರು ಗಂಟೆಗೆ ತಾನಾಗಿಯೇ ಕೂಗುತ್ತದೆ. ಹೋಗಿ ನೋಡಿದರೆ ಒಂದು ನರಪಿಳ್ಳೆಯೂ ಇರುವುದಿಲ್ಲ. ಮೊನ್ನೆ ರಿಮೋಟ್ ಕೈಕೊಟ್ಟಿತು ಅಂತ ಕೀ ಹಾಕಿ ಬಾಗಿಲು ತೆಗೆದೆ. ಆಗಲೂ ಕೂಗಿತು! ನನ್ನ ಕಾರೇ ನನ್ನನ್ನು ಕಳ್ಳ ಅಂದುಕೊಂಡರೆ ಹೇಗೆ?

ಉತ್ತರ: ಕೀ ಹಾಕಿದಾಗ ಯಾಕೆ ಕೂಗಿತು ಅಂತ ಮೊದಲು ಹೇಳುತ್ತೇನೆ, ಅದು ಗೊತ್ತಾದರೆ ರಾತ್ರಿ ಕೂಗಿನ ವಿಷಯ ಸುಲಭ.

ನೀವು ರಿಮೋಟ್‌ನಲ್ಲಿ ಲಾಕ್ ಒತ್ತಿದಾಗ ಬಾಗಿಲು ಲಾಕ್ ಆಗುವುದರ ಜೊತೆಗೆ ಇನ್ನೊಂದು ಕೆಲಸ ಆಗುತ್ತದೆ. ಬಾಡಿ ಕಂಟ್ರೋಲ್ ಮಾಡ್ಯೂಲ್ ಅಂತ ಒಂದು ಡಬ್ಬಿ ಇದೆ, ನಾವು ಬಿಸಿಎಂ ಅನ್ನುತ್ತೇವೆ. ಅದು ಎಲ್ಲ ಬಾಗಿಲು, ಡಿಕ್ಕಿ, ಬಾನೆಟ್ ಮುಚ್ಚಿವೆಯಾ ಅಂತ ನೋಡಿ, ಸ್ವಲ್ಪ ಹೊತ್ತು ಕಾದು ಕಾವಲಿಗೆ ಕೂರುತ್ತದೆ. ಡ್ಯಾಶ್‌ಬೋರ್ಡ್‌ನಲ್ಲಿ ಮಿಣುಕುವ ಕೆಂಪು ದೀಪ ಅದರ ಗುರುತು. ಆಮೇಲೆ ಅದಕ್ಕೆ ಒಂದೇ ನಿಯಮ: ರಿಮೋಟ್‌ನಿಂದ ಅನ್‌ಲಾಕ್ ಬರದೆ ಇವುಗಳಲ್ಲಿ ಯಾವುದಾದರೂ ತೆರೆದರೆ ಕೂಗು. ಬಾಗಿಲಿನ ಕೀ ತೂತು ಬಹಳಷ್ಟು ಕಾರುಗಳಲ್ಲಿ ಬರೀ ಲಿವರ್ ತಿರುಗಿಸುತ್ತದೆ, ಬಿಸಿಎಂಗೆ ಸುದ್ದಿ ಹೋಗುವುದಿಲ್ಲ. ಅದಕ್ಕೆ ಕಾಣುವುದು ಬಾಗಿಲು ತೆರೆದದ್ದು ಮಾತ್ರ. ಹಾಗಾಗಿ ನೀವೂ ಕಳ್ಳರೇ.

ಇನ್ನು ಮುಂದೆ ಹೀಗಾದರೆ ಗಾಬರಿ ಬೇಡ. ಸೀದಾ ಕೂತು ಅದೇ ಕೀಯಲ್ಲಿ ಇಗ್ನಿಷನ್ ಆನ್ ಮಾಡಿ. ಸಾಮಾನ್ಯವಾಗಿ ಕೂಗು ನಿಲ್ಲುತ್ತದೆ.

ಪ್ರಶ್ನೆ: ರಿಮೋಟ್ ಸೆಲ್ಲೇ ಸತ್ತಿದೆ, ಕೀ ನಮ್ಮದು ಅಂತ ಅದಕ್ಕೆ ಹೇಗೆ ಗೊತ್ತಾಗುತ್ತದೆ?

ಉತ್ತರ: ಕೀ ತಲೆಯೊಳಗೆ ಅಕ್ಕಿಕಾಳಿಗಿಂತ ಸ್ವಲ್ಪ ದೊಡ್ಡದೊಂದು ಚಿಪ್ ಇರುತ್ತದೆ. ಅದಕ್ಕೆ ಸೆಲ್ ಬೇಕಾಗಿಲ್ಲ. ಇಗ್ನಿಷನ್ ಸುತ್ತ ಒಂದು ತಂತಿಸುರುಳಿ ಇದೆ, ಹೆಚ್ಚಾಗಿ 125 ಕಿಲೋಹರ್ಟ್ಸ್‌ನಲ್ಲಿ ಕೆಲಸ ಮಾಡುತ್ತದೆ. ಕೀ ಹತ್ತಿರ ಬಂದಾಗ ಚಿಪ್‌ಗೆ ಬೇಕಾದ ಕರೆಂಟ್ ಆ ಸುರುಳಿಯಿಂದಲೇ ಸಿಗುತ್ತದೆ. ಕಾರು ಒಂದು ಸಂಖ್ಯೆ ಕಳಿಸುತ್ತದೆ, ಚಿಪ್ ತನ್ನೊಳಗಿನ ಗುಟ್ಟನ್ನು ಸೇರಿಸಿ ಲೆಕ್ಕ ಮಾಡಿ ಉತ್ತರ ಕೊಡುತ್ತದೆ. ಉತ್ತರ ಸರಿಯಿದ್ದರೆ ಮಾತ್ರ ಎಂಜಿನ್‌ಗೆ ಅನುಮತಿ. ಇಲ್ಲದಿದ್ದರೆ ಇಂಧನವೋ ಸ್ಟಾರ್ಟರೋ ಬಂದ್.

ಇದು ಇಮೊಬಿಲೈಸರ್, ಅಲಾರಂ ಅಲ್ಲ. ಜನ ಎರಡನ್ನೂ ಒಂದೇ ಅಂದುಕೊಳ್ಳುತ್ತಾರೆ. ಬೊಗಳುವ ನಾಯಿ ಕಚ್ಚುವುದಿಲ್ಲ ಅಂತಾರಲ್ಲ, ಅಲಾರಂ ಅಂಥದ್ದು. ಕಚ್ಚುವುದು ಇಮೊಬಿಲೈಸರ್, ಅದು ಬೊಗಳುವುದೇ ಇಲ್ಲ. ಯುರೋಪಿನಲ್ಲಿ 1998ರಿಂದ, ಕೆನಡಾದಲ್ಲಿ 2007ರಿಂದ ಹೊಸ ಕಾರಿಗೆ ಕಡ್ಡಾಯ ಮಾಡಿದ್ದು ಇದನ್ನೇ.

ಇನ್ನೊಬ್ಬ ಸದಸ್ಯರು: ಅಷ್ಟೆಲ್ಲಾ ತಲೆ ಕೆಡಿಸಿಕೊಳ್ಳಬೇಡಿ ಅಣ್ಣ. ಅಲಾರಂ ಫ್ಯೂಸ್ ಕಿತ್ತುಹಾಕಿ, ನೆಮ್ಮದಿಯಾಗಿ ಮಲಗಿ.

ಉತ್ತರ: ದಯವಿಟ್ಟು ಬೇಡ. ಎಷ್ಟೋ ಕಾರುಗಳಲ್ಲಿ ಅದೇ ಫ್ಯೂಸ್‌ನಲ್ಲಿ ಹಾರ್ನ್ ಅಥವಾ ಸೆಂಟ್ರಲ್ ಲಾಕ್ ಇರುತ್ತದೆ. ರಾತ್ರಿ ನಿದ್ದೆ ಬರುತ್ತದೆ, ಬೆಳಿಗ್ಗೆ ಹಾರ್ನ್ ಬರುವುದಿಲ್ಲ.

ಈಗ ರಾತ್ರಿ ಕೂಗಿನ ವಿಷಯ. ನನ್ನ ಹತ್ತಿರ ಹೀಗೆ ಬರುವ ಕಾರುಗಳಲ್ಲಿ ನಾನು ಮೊದಲು ಕೈ ಹಾಕುವುದು ಬಾನೆಟ್ ಸ್ವಿಚ್‌ಗೆ. ಬಾಗಿಲ ಸ್ವಿಚ್ ಲಾಕ್ ಒಳಗೆ ಬೆಚ್ಚಗೆ ಕೂತಿರುತ್ತದೆ. ಬಾನೆಟ್‌ನದು ಮುಂದೆ, ಮಳೆ, ಧೂಳು, ಕೆಸರು ಎಲ್ಲ ತಿನ್ನುವ ಜಾಗದಲ್ಲಿ. ತುಕ್ಕು ಹಿಡಿದರೆ ಅಥವಾ ಬಾನೆಟ್ ಕೂರುವ ರಬ್ಬರ್ ಎತ್ತರ ಹೆಚ್ಚುಕಮ್ಮಿ ಆದರೆ ಸ್ವಿಚ್ ಅರ್ಧಂಬರ್ಧ ಒತ್ತಿಕೊಂಡಿರುತ್ತದೆ. ಹಗಲು ಹೇಗೋ ನಡೆಯುತ್ತದೆ. ರಾತ್ರಿ ತಣ್ಣಗಾಗಿ ತಗಡು ಕೂದಲೆಳೆಯಷ್ಟು ಸರಿದರೂ ಸಾಕು, ಬಿಸಿಎಂಗೆ ಬಾನೆಟ್ ತೆರೆದಂತೆ. ಕೂಗು.

ಪರೀಕ್ಷೆ ಸುಲಭ. ಲಾಕ್ ಮಾಡಿ, ಒಂದೆರಡು ನಿಮಿಷ ಬಿಟ್ಟು ಬಾನೆಟ್‌ನ ಮುಂದಿನ ಅಂಚನ್ನು ಅಂಗೈಯಿಂದ ಒತ್ತಿ ಬಿಡಿ, ಸ್ವಲ್ಪ ಮೇಲಕ್ಕೂ ಎಳೆಯಿರಿ. ಕೂಗಿದರೆ ಕಳ್ಳ ಸಿಕ್ಕ. ಹಗಲಲ್ಲೇ ಮಾಡಿ, ಅಕ್ಕಪಕ್ಕದವರು ಇದ್ದಾರೆ ಅಲ್ವಾ.

ಕೂಗದಿದ್ದರೆ ಬ್ಯಾಟರಿ ನೋಡಿಸಿ. ಕೆಲವು ಕಾರುಗಳ ಸೈರನ್‌ಗೆ ಒಳಗೇ ಪುಟ್ಟ ಬ್ಯಾಟರಿ ಇರುತ್ತದೆ, ಕಳ್ಳ ಕಾರಿನ ಬ್ಯಾಟರಿ ವೈರ್ ಕತ್ತರಿಸಿದರೂ ಕೂಗಲಿ ಅಂತ. ಕಾರಿನ ಬ್ಯಾಟರಿ ಸೋತು ವೋಲ್ಟೇಜ್ ಕುಸಿದರೆ ಅದು ವೈರ್ ಕತ್ತರಿಸಿದರು ಅಂತ ತಿಳಿಯಬಹುದು. ಆ ಪುಟ್ಟ ಬ್ಯಾಟರಿಯೇ ಮುದಿಯಾದರೂ ಇದೇ ಗೋಳು. ಒಂಬತ್ತು ವರ್ಷದ ಕಾರು, ಅದನ್ನೂ ತಳ್ಳಿಹಾಕುವಂತಿಲ್ಲ. ಬಹಳಷ್ಟು ಬಿಸಿಎಂಗಳು ಕೊನೆಯ ಸಲ ಯಾವುದರಿಂದ ಕೂಗಿದೆ ಅಂತ ನೆನಪಿಟ್ಟುಕೊಂಡಿರುತ್ತವೆ. ಸ್ಕ್ಯಾನರ್ ಹಾಕಿ ಓದಿಸಿದರೆ ಊಹೆ ಮಾಡುವ ಕೆಲಸವೇ ಇಲ್ಲ.

ಮತ್ತೊಬ್ಬ ಸದಸ್ಯರು: ಸರ್, ನಮ್ಮದು ಕಿಟಕಿ ಸ್ವಲ್ಪ ಇಳಿಸಿಟ್ಟರೆ ಮಾತ್ರ ಕೂಗುತ್ತದೆ. ಇದೂ ಸ್ವಿಚ್ಚೇ?

ಉತ್ತರ: ಅಲ್ಲ ಮೇಡಂ. ನಿಮ್ಮ ಕಾರಿನಲ್ಲಿ ಒಳಗಿನ ಅಲುಗಾಟ ಹಿಡಿಯುವ ಸೆನ್ಸರ್ ಇದೆ, ಸಾಮಾನ್ಯವಾಗಿ ಚಾವಣಿ ದೀಪದ ಹತ್ತಿರ. ನಮ್ಮ ಕಿವಿಗೆ ಕೇಳದ, ಸುಮಾರು 40 ಕಿಲೋಹರ್ಟ್ಸ್ ಶಬ್ದ ಬಿಟ್ಟು ಮರುದನಿ ಬದಲಾಯಿತಾ ಅಂತ ನೋಡುತ್ತಿರುತ್ತದೆ. ಗಾಳಿ, ಕನ್ನಡಿಗೆ ತೂಗುಹಾಕಿದ ಗೊಂಬೆ, ಒಳಗೆ ಸೇರಿಕೊಂಡ ಒಂದು ದುಂಬಿ, ಏನು ಬೇಕಾದರೂ ಅದನ್ನು ಎಬ್ಬಿಸುತ್ತದೆ. ಕಿಟಕಿ ಪೂರ್ತಿ ಏರಿಸಿ. ಇದೊಂದನ್ನೇ ಆಫ್ ಮಾಡುವ ಬಟನ್ ಕೂಡ ಹಲವು ಕಾರುಗಳಲ್ಲಿ ಇರುತ್ತದೆ, ಕಾರಿನ ಜೊತೆ ಬಂದ ಪುಸ್ತಕ ನೋಡಿ.

ಪ್ರಶ್ನೆ ಕೇಳಿದವರು: ಸರ್, ಬಾನೆಟ್ ಒತ್ತಿದ ತಕ್ಷಣ ಕೂಗಿತು! ಸ್ವಿಚ್ ತೆಗೆದರೆ ಒಳಗೆ ಹಸಿರು ಹಿಡಿದಿದೆ. ಮೆಕ್ಯಾನಿಕ್ ಹುಡುಗ ಸ್ವಿಚ್ ಬೇಡ, ಎರಡು ವೈರ್ ಸೇರಿಸಿ ಟೇಪ್ ಸುತ್ತುತ್ತೇನೆ ಅನ್ನುತ್ತಿದ್ದಾನೆ. ಸುತ್ತಿಸಲಾ?

ಉತ್ತರ: ಬೇಡ. ಹಾಗೆ ಮಾಡಿದರೆ ಕೆಲವು ಕಾರಿಗೆ ಬಾನೆಟ್ ಸದಾ ಮುಚ್ಚಿದೆ ಅನ್ನಿಸುತ್ತದೆ, ಕೆಲವಕ್ಕೆ ಸದಾ ತೆರೆದಿದೆ ಅನ್ನಿಸುತ್ತದೆ. ಮೊದಲನೆಯದಾದರೆ ಕಳ್ಳ ಬಾನೆಟ್ ಎತ್ತಿ ಬ್ಯಾಟರಿ ತೆಗೆದರೂ ನಿಮಗೆ ಗೊತ್ತಾಗುವುದಿಲ್ಲ. ಹೊಸ ಸ್ವಿಚ್ ಹಾಕಿಸಿ. ಕನೆಕ್ಟರ್ ಒಳಗೂ ಹಸಿರು ಇದೆಯಾ ನೋಡಿ, ಇದ್ದರೆ ಕಾಂಟ್ಯಾಕ್ಟ್ ಕ್ಲೀನರ್ ಹೊಡೆಸಿ. ಹಾಗೇ ಆ ರಿಮೋಟ್ ಸೆಲ್ಲನ್ನೂ ಇವತ್ತೇ ಬದಲಾಯಿಸಿ.